ಶುಭಂ ಆದ ಮೇಲಿನ ಮದುವೆ

೧೯೮೬ರ ಮಾರ್ಚ್ ಹದಿನಾರು, ಭಾನುವಾರ, ಬೆಳಗ್ಗೆ ಹತ್ತೂವರೆ.

ಗಂಭೀರವಾದುದನ್ನು ಬರೆಯಲು ನಾನು ಕುಳಿತಾಗಲೆಲ್ಲ ಹರಿಹರದ ಒಂದು ಟಾಕೀಸು ಅಡ್ಡ ಬರುತ್ತದೆ. ಇಂದೂ ಬಂದಿದೆ. ನಿನ್ನೆ ದಾವಣಗೆರೆಯ ಚಿತ್ರಸಮಾಜದ ಇಬ್ಬರು ತರುಣರು ಮನೆಗೆ ಬಂದಿದ್ದರು. ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು.

"ಮೇಡಂ, ಕೆಲವು ಸಿನಿಮಾಕ್ಕೆ ಜನ ಹುಚ್ಚು ಹಿಡಿಸ್ಕೊಂಡು ಮತ್ತೆ ಮತ್ತೆ ಹೋಗ್ತಾರಲ್ಲ, ಇಂಗ್ಲಿಷ್ ಪತ್ರಿಕೇಲಿ ಅದಕ್ಕೆ ಕಲ್ಟ್ ಅಂತಾರೆ. ಅದರ ಮೇಲೆ ಹತ್ತು ನಿಮಿಷ ಮಾತಾಡ್ಬೇಕು. ಆಮೇಲೆ ಹರಿಹರದಾಗೆ ಓಡಿತ್ತಲ್ಲ, ಆ ಪಿಚ್ಚರ್ ತೋರಿಸ್ತೀವಿ. ಪ್ರಿಂಟು ಸಿಕ್ಕೈತೆ."

ಉತ್ತರವನ್ನು ಇಂದು ಸಂಜೆ ಕೊಡುವುದಾಗಿ ಹೇಳಿ ಕಳುಹಿಸಿದೆ. ಭಾಷಣ ನನಗೆ ಕಷ್ಟವಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಹೇಳಿಕೊಟ್ಟವಳು. ಅಡ್ಡಿ ಒಂದೇ: ಅವರು ಆ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಸರಿಯಾದ ಕ್ರಮದಲ್ಲಿ ತೋರಿಸುವ ಉತ್ಸಾಹದಲ್ಲಿದ್ದಾರೆ. ಹಾಗೆ ತೋರಿಸಿದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ.

೧. ಹದಿಮೂರು ಜನ

ಹನ್ನೆರಡು ವರ್ಷಗಳ ಹಿಂದಿನ ಮಾತು. ಚಿತ್ರದ ಹೆಸರು ಬೇಡ. ತೆಗೆದವರೇ ಅದನ್ನು ಮರೆಯಲು ಬಯಸಿದ್ದರು. ದಾವಣಗೆರೆಯಲ್ಲಿ ಅದು ಬಿಡುಗಡೆಯಾದ ಎರಡನೆಯ ದಿನ, ಮಧ್ಯಾಹ್ನದ ಆಟಕ್ಕೆ ನಾನೂ ನನ್ನ ನಾದಿನಿಯೂ ಹೋಗಿದ್ದೆವು. ನಮ್ಮನ್ನು ಸೇರಿಸಿ ಹದಿಮೂರು ಜನರಿದ್ದೆವು.

ಕಥೆ ಇಷ್ಟೇ. ಒಬ್ಬ ಸಜ್ಜನ ತರುಣ. ಒಂಬತ್ತನೆಯ ಮತ್ತು ಹತ್ತನೆಯ ರೀಲಿನಲ್ಲಿ ಅವನ ಮದುವೆ. ಹನ್ನೊಂದನೆಯದರಲ್ಲಿ ಹಾವು ಕಚ್ಚಿ ಅವನ ಸಾವು. ಅಲ್ಲಿಂದ ಹದಿನಾಲ್ಕನೆಯ ರೀಲಿನವರೆಗೆ ಮನೆಯವರೆಲ್ಲ ಸರದಿಯ ಮೇಲೆ ಅಳುತ್ತಾರೆ. ಕೊನೆಗೆ ಚಿತೆಯ ಹೊಗೆಯ ಮೇಲೆ "ಶುಭಂ" ಎಂದು ಅಕ್ಷರ ಮೂಡುತ್ತದೆ. ಯಾವುದು ಶುಭವೆಂದು ತಿಳಿಯದೆ ನಾವು ಹೊರಬಂದೆವು.

ಬಾಗಿಲಲ್ಲಿ ನಿಂತಿದ್ದ ಗೇಟ್‌ಕೀಪರ್ ನಾದಿನಿಯನ್ನು ಕೇಳಿದ: "ಹೆಂಗೈತ್ರಿ ಅಕ್ಕಾರ ಪಿಚ್ಚರ್?"

"ಹೋದವನು ಪುಣ್ಯವಂತ ಬಿಡಪ್ಪ," ಎಂದಳು ಅವಳು. "ನಾವು ಕೊನೇತನಕ ಕೂರಬೇಕಾತು."

ನಾಲ್ಕೇ ದಿನಕ್ಕೆ ಚಿತ್ರ ದಾವಣಗೆರೆಯಿಂದ ಎದ್ದುಹೋಯಿತು.

೨. ಬ್ಯಾರೆ ಪಿಚ್ಚರ್

ನಿಟ್ಟುವಳ್ಳಿಯಿಂದ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಮೂರನೆಯ ವಾರ ರಜೆ ಕೇಳಿದಳು. ಅದೇ ಚಿತ್ರ ನೋಡಲು ಹರಿಹರಕ್ಕೆ ಹೋಗಬೇಕಂತೆ. ಸೊಂಟಕ್ಕೆ ಸಿಕ್ಕಿಸಿದ್ದ ಗಂಟಿನಲ್ಲಿ ಅಕ್ಷತೆಯಿತ್ತು.

"ಊರಲ್ಲೇ ಇದ್ದಾಗ ನೋಡದೆ, ಈಗ ಬಸ್ಸು ಹತ್ತಿ ಹೋಗುವುದೇಕೆ?" ಎಂದೆ.

"ಅದು ಬ್ಯಾರೆ ರೀ ಅಮ್ಮಾರೆ, ಇದು ಬ್ಯಾರೆ."

"ಚಿತ್ರ ಒಂದೇ. ನಾನು ನೋಡಿದ್ದೇನೆ."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಿಮ್ಮ ದಾವಣಗೆರೆ ಪಿಚ್ಚರಿನಾಗೆ ಸತ್ತೋನು ಸತ್ತೇ ಹೋಗ್ತಾನ. ಹರಿಹರದಾಗೆ ಎದ್ದು ಬಂದು ಮದಿವಿ ಆಗ್ತಾನ."

ರಜೆ ಕೊಟ್ಟೆ. ಸಂಶೋಧನೆಯ ಉದ್ದೇಶದಿಂದ ನಾನೂ ಹೊರಟೆ.

೩. ಐದನೆಯ ಡಬ್ಬ

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹರಿಹರದಲ್ಲಿ ನಾಯಕ ಸತ್ತ, ಎಲ್ಲರೂ ಅತ್ತರು, ಹೊಗೆಯ ಮೇಲೆ "ಶುಭಂ" ಬಂತು. ಬಳಿಕ ವಾಲಗ ಮೊಳಗಿ, ನಾಯಕ ಬಾಸಿಂಗ ಕಟ್ಟಿಕೊಂಡು ನಗುತ್ತ ಬಂದ.

ತಪ್ಪು ಕಂಡಲ್ಲಿ ಕೆಂಪು ಶಾಯಿ ಹಾಕುವುದು ನನ್ನ ವೃತ್ತಿ. ಆಟ ಮುಗಿದ ಮೇಲೆ ನೇರವಾಗಿ ಮೆಟ್ಟಿಲು ಹತ್ತಿ ಆಪರೇಟರನ ಕೋಣೆಗೆ ಹೋದೆ. ಐವತ್ತರ ಸಮೀಪದ ಮುಸಲ್ಮಾನರು. ಊರೆಲ್ಲ ಅವರನ್ನು ಸಾಹೇಬರೆಂದೇ ಕರೆಯುತ್ತಿತ್ತು.

"ಒಂಬತ್ತು, ಹತ್ತನೆಯ ರೀಲುಗಳನ್ನು ನೀವು ಕೊನೆಯಲ್ಲಿ ಹಾಕುತ್ತಿದ್ದೀರಿ," ಎಂದೆ.

ಅವರು ಎದ್ದು ಬಾಗಿಲು ಮುಂದೆ ಮಾಡಿದರು. "ಮೆತ್ತಗೆ ಮಾತಾಡ್ರಿ ಅಮ್ಮಾ. ಕೂಡ್ರಿ."

ಆಗ ತಿಳಿದ ಸಂಗತಿ ಇದು. ಮೊದಲ ನಾಲ್ಕು ದಿನ ಎರಡೂ ಊರಿಗೆ ಒಂದೇ ಪ್ರಿಂಟು. ಎರಡು ರೀಲಿಗೊಂದು ತಗಡಿನ ಡಬ್ಬ. ದಾವಣಗೆರೆಯಲ್ಲಿ ಒಂದು ಡಬ್ಬ ಮುಗಿದೊಡನೆ ಅದನ್ನು ಬಸ್ಸಿಗೆ ಹಾಕಿ ಹರಿಹರಕ್ಕೆ ಕಳುಹಿಸುವರು. ಇಲ್ಲಿ ಆಟ ಒಂದು ಗಂಟೆ ತಡವಾಗಿ ಶುರು. ಮೊದಲ ದಿನ ಮದುವೆಯಿದ್ದ ಐದನೆಯ ಡಬ್ಬದ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತು. ಆರನೆಯದು ಹಿಂದೆ ಹೊರಟ ಬಸ್ಸಿನಲ್ಲಿ ಅದನ್ನು ದಾಟಿ ಮುಂದೆ ಬಂತು. ಜನ ಸಿಳ್ಳೆ ಹೊಡೆಯುತ್ತಿದ್ದರು. ಸಾಹೇಬರು ಕೈಗೆ ಸಿಕ್ಕಿದ್ದನ್ನು ಹಾಕಿದರು, ನಂತರ ಏಳನೆಯದನ್ನೂ ಹಾಕಿದರು. "ಶುಭಂ" ಆಗಿ ಜನ ಏಳುತ್ತಿರುವಾಗ ಐದನೆಯ ಡಬ್ಬ ಬಂತು.

"ಟಿಕೆಟ್ ತಗೊಂಡೋರಿಗೆ ಎರಡು ರೀಲು ಕಮ್ಮಿ ತೋರ್ಸೋದು ಹರಾಮ್ ಆಗ್ತೈತಲ್ರಿ. ಹಾಕ್ಬಿಟ್ಟೆ. ಜನ ಬಾಗಿಲತನಕ ಹೋದೋರು ವಾಪಸ್ ಓಡಿ ಬಂದ್ರು, ಕುಣಿದ್ರು. ಮಾಲೀಕರು ಬಂದು ಬೆನ್ನು ತಟ್ಟಿ, ನಾಳೇನೂ ಹಿಂಗೇ ಹಾಕು ಅಂದ್ರು."

"ತಪ್ಪಾಯಿತೆಂದು ಅವರಿಗೆ ಹೇಳಲಿಲ್ಲವೇ?"

"ಹೆಂಗೆ ಹೇಳ್ಲಿ? ಹಿಂದಿನ ತಿಂಗಳು ಒಂದು ದೇವರ ಪಿಚ್ಚರಿನಾಗೆ ರೀಲು ತಲೆಕೆಳಗಾಗಿ ಹೋಗಿ, ದೇವರು ಐದು ನಿಮಿಷ ಶೀರ್ಷಾಸನ ಹಾಕಿದ್ದ. ಇನ್ನೊಂದು ತಪ್ಪು ಕಂಡ್ರೆ ಮನೀಗೆ ನಡಿ ಅಂದಾರ. ನೀವು ಹೇಳಬ್ಯಾಡ್ರಿ ಅಮ್ಮಾ. ನಂಗೆ ಬ್ಯಾರೆ ಕೆಲಸ ಬರೂದಿಲ್ಲ."

ನಾನು ಸುಳ್ಳು ಹೇಳುವವಳಲ್ಲ. ಆದರೆ ಯಾರೂ ಕೇಳದಿದ್ದಾಗ ಹೇಳಲೇಬೇಕೆಂಬ ನಿಯಮವಿಲ್ಲ. ಹಾಗೆಂದೇ ಮಾತು ಕೊಟ್ಟೆ.

"ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ," ಎಂದರು ಸಾಹೇಬರು. "ಖರೆ ಪಿಚ್ಚರಿನಾಗೆ ಆ ಹುಡುಗ ಬದುಕೂದೇ ಇಲ್ಲೇನ್ರಿ?"

೪. ಹೋಗಿ ಬರುವ ಪದ್ಧತಿ

ಅನಂತರವೂ ಕೆಲವು ಸಲ ಹೋದೆ. ಎಷ್ಟು ಸಲವೆಂಬುದು ಇಲ್ಲಿ ಅಪ್ರಸ್ತುತ.

ಅಷ್ಟರಲ್ಲಿ ಆ ಚಿತ್ರಕ್ಕೆ ಒಂದು ಆಚಾರವೇ ಬೆಳೆದಿತ್ತು. "ಶುಭಂ" ಬಂದೊಡನೆ ನೆಲ, ಬೆಂಚು, ಕುರ್ಚಿ ಎಂಬ ಭೇದವಿಲ್ಲದೆ ಎಲ್ಲರೂ ಎದ್ದು, ಚಪ್ಪಲಿ ಮೆಟ್ಟಿ, ಮುಖ ಸಪ್ಪಗೆ ಮಾಡಿಕೊಂಡು ಬಾಗಿಲವರೆಗೆ ನಡೆಯಬೇಕು. ವಾಲಗ ಕೇಳಿದ ಕೂಡಲೇ ತಿರುಗಿ ಬಂದು ಅದೇ ಜಾಗದಲ್ಲಿ ಕೂರಬೇಕು. ತಾಳಿ ಕಟ್ಟುವಾಗ ಹೆಂಗಸರು ಪರದೆಯತ್ತ ಅಕ್ಷತೆ ಎಸೆಯಬೇಕು. ಮದುವೆ ಮಂಟಪದಲ್ಲಿ ನಾಯಕ ಹೆಂಡತಿಗೆ, "ನಿನ್ನ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ," ಎನ್ನುತ್ತಾನೆ. ಆಗ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದ ಕಾರ್ಮಿಕರು ಒಂದೇ ಕೊರಳಿನಲ್ಲಿ ಉತ್ತರಿಸುತ್ತಿದ್ದರು: "ಒಂದ್ಸಲ ಹೋಗಿ ಬಂದಿಯಲ್ಲ, ಸಾಕು ಬಿಡಪ್ಪ."

ತರುಣರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಅಲ್ಲಿಯೇ ಇದೆ. ಚಿತ್ರ ಒಳ್ಳೆಯದಾಗಿರಬೇಕೆಂಬ ನಿರ್ಬಂಧವಿಲ್ಲ. ನೋಡುವವರಿಗೂ ಅದರಲ್ಲಿ ಮಾಡಲು ಒಂದು ಕೆಲಸವಿರಬೇಕು. ಆ ಕೆಲಸ ತಾನಿಲ್ಲದೆ ನಡೆಯದೆಂಬ ನಂಬಿಕೆ ಪ್ರತಿಯೊಬ್ಬರಿಗೂ ಇರಬೇಕು. ನಮ್ಮ ಕೆಲಸದಾಕೆಗೆ ಒಮ್ಮೆ ಜ್ವರ ಬಂದು ಹೋಗಲಾಗಲಿಲ್ಲ. ಮರುದಿನ ಆತಂಕದಿಂದ ಕೇಳಿದಳು: "ನಿನ್ನೆ ಹುಡುಗ ಎದ್ದನೇನ್ರಿ?"

೫. ಸರಿಯಾಗಿ ತೋರಿಸಿದ ದಿನ

ಎಲ್ಲೆಡೆ ಬಿದ್ದ ಚಿತ್ರ ಹರಿಹರದಲ್ಲಿ ಹನ್ನೊಂದನೆಯ ವಾರ ಹೇಗೆ ಓಡುತ್ತಿದೆಯೆಂದು ನೋಡಲು ಹಂಚಿಕೆದಾರರ ಪ್ರತಿನಿಧಿಯೊಬ್ಬ ಬಂದ. ಸಫಾರಿ ತೊಟ್ಟ, ಕ್ರಮ ಬಲ್ಲ ಮನುಷ್ಯ. ಆಟಕ್ಕೆ ಮೊದಲೇ ಕೋಣೆಗೆ ಹೋಗಿ ಡಬ್ಬಗಳ ಸಾಲನ್ನು ಕಂಡು ಗಾಬರಿಯಾಗಿ, ಎಲ್ಲವನ್ನೂ ಸರಿಯಾಗಿ ಜೋಡಿಸಿ, ಪಕ್ಕದಲ್ಲಿಯೇ ನಿಂತು ಹಾಕಿಸಿದ. ಸಾಹೇಬರು ಬಾಯಿ ಬಿಡುವಂತಿರಲಿಲ್ಲ. ನಾನು ಕುರ್ಚಿಯ ಸಾಲಿನಲ್ಲಿದ್ದೆ, ಕೆಲಸದಾಕೆ ಬೆಂಚಿನಲ್ಲಿದ್ದಳು.

ಒಂಬತ್ತನೆಯ ರೀಲಿಗೇ ಮದುವೆ ಬಂದಾಗ ಅಕ್ಷತೆಯ ಗಂಟು ಯಾರೂ ಬಿಚ್ಚಿರಲಿಲ್ಲ. "ಸಾಯೋಕಿಂತ ಮುಂಚೆ ಮದಿವೆ ಮಾಡ್ತಾ ಇದಾರಲ್ಲ, ತಲೆ ಸರಿ ಐತಾ?" ಎಂದು ಯಾರೋ ಕೂಗಿದರು. ಆದರೂ ಜನ ತಾಳಿಕೊಂಡರು. ಸಾವಾಯಿತು. ಹೊಗೆಯ ಮೇಲೆ "ಶುಭಂ" ಬಂತು. ಪದ್ಧತಿಯಂತೆ ಎಲ್ಲರೂ ಎದ್ದು, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಕುಳಿತರು.

ಪರದೆ ಬೆಳ್ಳಗೇ ಇತ್ತು. ದೀಪ ಹತ್ತಿತು. ಯಾರೂ ಏಳಲಿಲ್ಲ.

ಮಾಲೀಕರು ಓಡಿ ಬಂದರು. "ಮುಗೀತ್ರಿ, ನಡೀರಿ."

ಕೆಲಸದಾಕೆ ಬೆಂಚಿನ ಮೇಲೆ ಗಟ್ಟಿಯಾಗಿ ಕುಳಿತಳು. "ಹೆಣ ಇಟ್ಕೊಂಡು ಎಲ್ಲಿಗೆ ಹೋಗೂದ್ರಿ? ಹುಡುಗನ್ನ ಎಬ್ಬಿಸ್ರಿ ಮೊದ್ಲು."

"ಆಪರೇಟರ್ ರೀಲು ಅದಲುಬದಲು ಮಾಡ್ಯಾನ," ಎಂದು ನೆಲದವರು ಎದ್ದು ನಿಂತರು. ಹನ್ನೊಂದು ವಾರದಲ್ಲಿ ಸಾಹೇಬರು ಸರಿಯಾಗಿ ತೋರಿಸಿದ್ದು ಅಂದೊಂದೇ ದಿನ.

ಮಾಲೀಕರು ಸಾಹೇಬರನ್ನು ಕೆಳಗೆ ಕರೆಸಿ, ಎಲ್ಲರೆದುರು ಕೈ ಚಾಚಿದರು. "ಮತ್ತೆ ತಪ್ಪು ಮಾಡಿದಿ. ಕೀಲಿ ಇಡು ಇಲ್ಲಿ."

"ಅಯ್ಯೋ, ಇವತ್ತೇ ಸರಿ ತೋರಿಸಿದ್ದು. ಇಷ್ಟು ದಿನ ತಪ್ಪು," ಎಂದ ಪ್ರತಿನಿಧಿ.

"ಹನ್ನೊಂದು ವಾರ ಇಡೀ ಹರಿಹರ ತಪ್ಪು ನೋಡಿತೇನ್ರಿ?" ಎಂದರು ಮಾಲೀಕರು. ಸಾಹೇಬರು ಜೇಬಿನಿಂದ ಕೀಲಿ ತೆಗೆದರು.

ಆಗ ಕೆಲಸದಾಕೆ ನನ್ನತ್ತ ಬೆರಳು ತೋರಿದಳು. "ನಮ್ಮ ಅಮ್ಮಾರನ್ನ ಕೇಳ್ರಿ. ಕಾಲೇಜಿನಾಗೆ ಪಾಠ ಹೇಳೋರು. ಈ ಪಿಚ್ಚರ್ ಏಳು ಸಲ ನೋಡ್ಯಾರ."

ಹಿಂದಿನ ಸಾಲಿನಲ್ಲಿ ನನ್ನ ಬಿ.ಎ. ತರಗತಿಯ ನಾಲ್ವರು ಹುಡುಗಿಯರಿದ್ದರೆಂಬುದು ಅವರು ನಕ್ಕಾಗಲೇ ನನಗೆ ತಿಳಿದದ್ದು. ಆದರೂ ಎದ್ದು ನಿಂತೆ.

"ಹೇಳ್ರಿ ಮೇಡಂ," ಎಂದರು ಮಾಲೀಕರು, "ಯಾವುದು ಸರಿ?"

ಈಗ ನನ್ನನ್ನು ಕೇಳಿಬಿಟ್ಟಿದ್ದರು. ಸುಳ್ಳು ಹೇಳುವಂತಿರಲಿಲ್ಲ, ನಿಜ ಹೇಳಿದರೆ ಒಬ್ಬರ ಅನ್ನ ಹೋಗುತ್ತಿತ್ತು. ನನ್ನ ಕಾವ್ಯಮೀಮಾಂಸೆಯೇ ನೆರವಿಗೆ ಬಂತು.

"ನಮ್ಮ ಪ್ರಾಚೀನ ನಾಟಕಶಾಸ್ತ್ರದ ಪ್ರಕಾರ ಕೃತಿ ಮಂಗಳದಲ್ಲಿ ಮುಗಿಯಬೇಕು," ಎಂದೆ. "ನಾಯಕನ ಸಾವಿನಿಂದ ಮುಗಿಸುವುದು ನಿಷಿದ್ಧ. ಸಾಹೇಬರು ಹನ್ನೊಂದು ವಾರ ಶಾಸ್ತ್ರೋಕ್ತವಾಗಿ ತೋರಿಸಿದ್ದಾರೆ. ಇಂದು ಶಾಸ್ತ್ರ ತಪ್ಪಿಸಿದವರು ಇವರು." ಸಫಾರಿಯವನ ಕಡೆ ಕೈ ತೋರಿದೆ.

ಮಾಲೀಕರು ಪ್ರತಿನಿಧಿಯ ಕಡೆ ತಿರುಗಿದರು. "ಕೇಳಿದ್ರಾ? ಶಾಸ್ತ್ರದಾಗೆ ಐತೆ." ಕೀಲಿಯನ್ನು ಸಾಹೇಬರ ಜೇಬಿಗೆ ತಾವೇ ತುರುಕಿದರು.

"ಮಾತು ಸಾಕ್ರಿ," ಎಂದಳು ಕೆಲಸದಾಕೆ. "ಮದಿವಿ ಹಾಕ್ರಿ. ಬಸ್ಸಿಗೆ ಹೊತ್ತಾಗ್ತೈತಿ."

ಐದನೆಯ ಡಬ್ಬ ಮತ್ತೊಮ್ಮೆ ತೆರೆಯಿತು. ನಾಯಕ ನಗುತ್ತ ಬಂದ. ಅಕ್ಷತೆ ಪರದೆಯವರೆಗೂ ಹಾರಿತು. ಸ್ವಲ್ಪ ಸಫಾರಿಯವನ ತಲೆಯ ಮೇಲೂ ಬಿತ್ತು. ಅವನು ಅದನ್ನು ಕೊಡವಿಕೊಳ್ಳದೆ ಪೂರ್ತಿ ನೋಡಿದ. ನಾಯಕನ ಆ ಮಾತು ಬಂದಾಗ ಕಾರ್ಮಿಕರೊಡನೆ ಅವನೂ ದನಿಗೂಡಿಸಿದನೆಂದು ಹುಡುಗಿಯರು ಹೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ.

ಆಟ ಬಿಟ್ಟ ಮೇಲೆ ಸಾಹೇಬರು ನನಗೆ ಚಹಾ ತರಿಸಿದರು. "ಅಮ್ಮಾ, ಶಾಸ್ತ್ರದಾಗೆ ಖರೇನೇ ಹಂಗೈತೇನ್ರಿ?"

"ಇದೆ."

ಅವರು ಚಹಾವನ್ನು ನನ್ನ ಕಡೆ ಸರಿಸಿದರು. "ಹಂಗಾದ್ರೆ ಹನ್ನೊಂದು ವಾರ ನಾನು ಸುಮ್ನೆ ಹೆದರಿದೆ."

ಈಗ ಆ ಟಾಕೀಸು ಗೋದಾಮಾಗಿದೆ. ಸಾಹೇಬರು ಮಗನ ಅಂಗಡಿಯಲ್ಲಿ ಮಿಕ್ಸರ್ ರಿಪೇರಿ ಮಾಡುತ್ತಾರೆ. ಇದನ್ನೆಲ್ಲ ಬರೆಯಲು ಅವರ ಒಪ್ಪಿಗೆ ಇದೆ. ಸಂಜೆ ತರುಣರು ಬಂದಾಗ ಎರಡು ಷರತ್ತಿನ ಮೇಲೆ ಭಾಷಣಕ್ಕೆ ಒಪ್ಪುತ್ತೇನೆ. ಡಬ್ಬಗಳನ್ನು ಸಾಹೇಬರ ಕೈಗೇ ಕೊಡಬೇಕು, ಐದನೆಯದನ್ನು ಕೊನೆಯಲ್ಲಿ ಹಾಕಬೇಕು. ಅಕ್ಷತೆ ನಾನು ತರುತ್ತೇನೆ.