ಗಾಲಿಯ ಕೂಲರೋ, ಕಿಟಕಿಯ ಕೂಲರೋ

ಬೇಸಿಗೆಯನ್ನು ಹೇಗೆ ಕಳೆಯಬೇಕು ಎಂಬ ವಿಷಯದಲ್ಲಿ ಎಮ್ಮೆಗಿರುವಷ್ಟು ತಿಳಿವಳಿಕೆ ಮನುಷ್ಯನಿಗಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬಾಯಿಗೆ ಬಂದಂತೆ ಹೇಳುತ್ತಿಲ್ಲ. ನಾನು ಸಿಂಧನೂರಿನ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು, ಮನುಷ್ಯರ ಮುಖಕ್ಕಿಂತ ಎಮ್ಮೆಗಳ ಮುಖವನ್ನೇ ಹೆಚ್ಚು ನೋಡಿದವನು. ಬಿಸಿಲು ಏರಿತೆಂದರೆ ಎಮ್ಮೆ ನೆಟ್ಟಗೆ ಕಾಲುವೆಗೆ ಹೋಗಿ ಇಳಿಯುತ್ತದೆ. ಕಾಲುವೆ ಬಂದಾದರೆ ಕೆರೆ, ಕೆರೆ ಬತ್ತಿದರೆ ಯಾರದೋ ಬಚ್ಚಲ ನೀರು ಹರಿದು ಆದ ಕೆಸರು. ಮೂಗು ಮಾತ್ರ ಮೇಲಿಟ್ಟು ಕಣ್ಣು ಮುಚ್ಚಿದರೆ ಮುಗಿಯಿತು. ಈ ಕೆಸರು ಚಲೋದೋ ಆ ಕೆಸರು ಚಲೋದೋ ಎಂದು ಅದು ನೆಂಟರ ಊರುಗಳಿಗೆ ಹೋಗಿ ವಿಚಾರಿಸಿಕೊಂಡು ಬರುವುದಿಲ್ಲ. ನಾನು ಹೋಗಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮಗಳು ಶಶಿಕಲಾಳನ್ನು ಧಾರವಾಡಕ್ಕೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ, ದಿನ ತುಂಬುವುದು ಮೇ ತಿಂಗಳಲ್ಲಿ. ಕುಬಸದ, ಅಂದರೆ ಸೀಮಂತದ ದಿನ ಬೀಗಿತಿ ಎಲ್ಲರೆದುರಿಗೆ ಒಂದು ಮಾತು ತೆಗೆದರು. "ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ಖರೆ. ಆದ್ರ ನಿಮ್ಮೂರ ಧಗಿಗೆ ನಮ್ಮ ಹುಡುಗಿ ತಡೀತಾಳೇನ್ರಿ? ನಮ್ಮ ಧಾರವಾಡ ಥಂಡೈತಿ." ಹುಟ್ಟಿದಾಗಿನಿಂದ ಸಿಂಧನೂರಿನ ಬಿಸಿಲಲ್ಲೇ ಕುಂಟಾಬಿಲ್ಲೆ ಆಡಿ ಬೆಳೆದ ಹುಡುಗಿ ಎರಡೇ ವರ್ಷದಲ್ಲಿ ಬಿಸಿಲು ತಡೆಯದವಳಾಗಿದ್ದಳು. ನನಗೆ ನಗು ಬಂತು. ನನ್ನ ಹೆಂಡತಿ ಗಿರಿಜಾಗೆ ಬರಲಿಲ್ಲ. "ಧಗಿ ಎಲ್ಲೈತ್ರಿ? ನಾವು ಕೂಲರ್ ತರಾಕತ್ತೀವಿ," ಎಂದುಬಿಟ್ಟಳು. ಕೂಲರ್ ತರುತ್ತಿರುವ ವಿಷಯ ನನಗೆ ತಿಳಿದದ್ದೂ ಆಗಲೇ. ಮನೆಗೆ ಬಂದ ಮೇಲೆ ಕೇಳಿದರೆ, "ನನ್ನ ಮಗಳ ಬಾಣಂತನ ಬ್ಯಾರೆಯವರ ಮನ್ಯಾಗ ಆದ್ರ ನಾ ಓಣ್ಯಾಗ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?" ಎಂದು ಕಣ್ಣಲ್ಲಿ ನೀರು ತಂದಳು. ಅಲ್ಲಿಗೆ ಅದು ತಂಪಿನ ಪ್ರಶ್ನೆಯಾಗಿ ಉಳಿಯಲಿಲ್ಲ, ತವರಿನ ಮಾನದ ಪ್ರಶ್ನೆಯಾಯಿತು.

ಏ.ಸಿ. ಎಂಬುದು ಆಗ ನಮ್ಮೂರಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಮನೆಯಲ್ಲಿತ್ತಂತೆ. ಇತ್ತಂತೆ ಎಂದೆ, ಏಕೆಂದರೆ ಅವರು ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ನಮ್ಮಂಥವರ ಪಾಲಿಗೆ ಕೂಲರು. ತಗಡಿನ ಪೆಟ್ಟಿಗೆ, ಮೂರು ಮಗ್ಗುಲಿಗೆ ಖಸ್ಸು, ಅಂದರೆ ಲಾವಂಚದ ಬೇರು, ತಳದಲ್ಲಿ ನೀರು, ನಡುವೆ ಒಂದು ದೊಡ್ಡ ಪಂಖ. ಇದರಲ್ಲಿ ಎರಡು ಜಾತಿ. ಒಂದು ಕಿಟಕಿಗೆ ಹೊರಗಿನಿಂದ ಕೂಡಿಸುವುದು. ಒಮ್ಮೆ ಕೂತಿತೆಂದರೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಇನ್ನೊಂದು ಗಾಲಿಯ ಮೇಲಿರುವುದು, ತಳ್ಳಿದ ಕಡೆ ಬರುವಂಥದ್ದು. ಗಾಲಿಯದೇ ಬೇಕೆಂದು ಗಿರಿಜಾ. "ಹುಡುಗಿ ಎಲ್ಲಿ ಮಲಗ್ತಾಳ ಅಲ್ಲಿ ಒಯ್ಯಬೌದು." ಕಿಟಕಿಯದೇ ಬೇಕೆಂದು ನಾನು. ಹೊರಗಿನ ಒಣಗಾಳಿಯನ್ನೇ ಎಳೆದುಕೊಳ್ಳಬೇಕು, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಎಳೆದರೆ ಮೈಯೆಲ್ಲ ಅಂಟಂಟಾಗುತ್ತದೆ ಎಂದು ಶಾಸ್ತ್ರೋಕ್ತವಾಗಿ ವಾದಿಸಿದೆ. ವಾದ ಸರಿಯಾಗಿಯೇ ಇತ್ತು. ಆದರೆ ನಾನು ಮನಸ್ಸಿನಲ್ಲಿ ಕೂಲರ್ ಕೂಡಿಸಿದ್ದು ಪಡಸಾಲೆಯ ಕಿಟಕಿಗೆ, ಅದರ ಕೆಳಗೇ ನನ್ನ ಮಧ್ಯಾಹ್ನದ ನಿದ್ದೆಯ ಮಂಚವಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಕಂಡವರನ್ನು ಕೇಳಿ ನಿರ್ಧರಿಸೋಣವೆಂದು ಲಿಂಗಸುಗೂರಿಗೆ ಹೊರಟೆವು. ಅಲ್ಲಿ ನನ್ನ ಸಡ್ಡಕ, ಗಿರಿಜಾಳ ಅಕ್ಕನ ಗಂಡ, ಕಿಟಕಿಯ ಕೂಲರ್ ಕೂಡಿಸಿದ್ದರು. ಬಸ್ಸಿನಿಂದ ಇಳಿದು ಬೆಂದ ಬದನೆಕಾಯಿಯಂತೆ ಅವರ ಮನೆ ಹೊಕ್ಕರೆ ಆಹಾ, ಸ್ವರ್ಗ. ಖಸ್ಸಿನ ವಾಸನೆಗೆ ಅರ್ಧ ನಿದ್ದೆ ಅಲ್ಲೇ ಬಂತು. ಸಡ್ಡಕರು ಅದರ ಎದುರಿಗೆ ಒಬ್ಬರೇ ಕೂತಿದ್ದರು. ಒಬ್ಬರೇ ಏಕೆಂದರೆ ಆ ಮನೆಯಲ್ಲಿ ಮಾವನ ಎದುರಿಗೆ ಸೊಸೆಯಂದಿರು ಕೂಡುವ ಪದ್ಧತಿ ಇಲ್ಲ, ಸೊಸೆಯಂದಿರನ್ನು ಒಳಗೆ ಬಿಟ್ಟು ಅತ್ತೆ ಬಂದು ಕೂಡುವಂತಿಲ್ಲ, ಗಂಡುಮಕ್ಕಳು ಅಂಗಡಿಗೆ ಹೋಗಿರುತ್ತಾರೆ. ಗಿರಿಜಾ ಅಡುಗೆಮನೆಗೆ ಹೋಗಿ, "ಕೂಲರ್ ಹೆಂಗೈತಕ್ಕಾ?" ಎಂದು ಕೇಳಿದ್ದಕ್ಕೆ ಅವಳ ಅಕ್ಕ ರೊಟ್ಟಿ ಬಡಿಯುತ್ತಲೇ, "ಭಾಳ ಛಲೋ ಐತಿ ಅಂತಾರವಾ. ನನಗೇನ ಗೊತ್ತು, ನಾ ಒಲಿ ಮುಂದ ಇರ್ತೀನಿ," ಎಂದಳಂತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಗಿರಿಜಾ ಈ ಮಾತನ್ನು ಮುದಗಲ್ಲಿನ ಕೋಟೆ ಗೆದ್ದವಳಂತೆ ನನಗೆ ಒಪ್ಪಿಸಿದಳು.

ಮುಂದಿನ ರವಿವಾರ ಮಸ್ಕಿ. ಅಲ್ಲಿ ಗಿರಿಜಾಳ ತಮ್ಮ ವೀರೇಶ ಗಾಲಿಯ ಕೂಲರ್ ತಂದಿದ್ದ. ನಾವು ಹೋದಾಗ ವೀರೇಶ ಇದ್ದ, ಕೂಲರ್ ಇರಲಿಲ್ಲ. "ಕೂಲರ್ ಎಲ್ಲೋ?" ಎಂದರೆ, "ಈಗ ಬರ್ತೈತಿ ಮಾವಾ, ಎದುರು ಮನೀಗೆ ಹೆಣ್ಣು ನೋಡಾಕ ಬಂದಾರಂತ, ಬೀಗರಿಗೆ ಸೆಕಿ ಆಗಬಾರದಂತ ಒಯ್ದಾರ," ಎಂದ. ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದರೂ ಕೂಲರ್ ಬರಲಿಲ್ಲ. ಅಲ್ಲಿಂದ ಹಾಗೆಯೇ ಯಾರದೋ ಮುದುಕರಿಗೆ ಜ್ವರವೆಂದು ಹಿಂದಿನ ಓಣಿಗೆ ದಾಟಿತ್ತು. ಗಾಲಿ ಇದ್ದ ಸಾಮಾನು ಓಣಿಯ ಸಾಮಾನು. ಏಣಿ, ಇಡ್ಲಿ ಪಾತ್ರೆ, ಜಮಖಾನೆಗಳ ಸಾಲಿಗೆ ಅದೂ ಸೇರಿತ್ತು, ಇಲ್ಲ ಎಂದರೆ ಕುಂಕುಮಕ್ಕೆ ಕರೆಯುವುದು ನಿಂತುಹೋಗುತ್ತದೆ. ನಾವು ಬೆವರುತ್ತ ಕೂತು, ಮಜ್ಜಿಗೆ ಕುಡಿದು, ಕೂಲರಿನ ಮುಖ ನೋಡದೆಯೇ ಸಂಜೆಯ ಬಸ್ಸು ಹಿಡಿದೆವು. ಈ ಸಲ ಬಸ್ಸಿನಲ್ಲಿ ಮಾತಾಡಿದವನು ನಾನು.

ಹೀಗೆ ಒಂದು ಗೆಲುವು ಅವಳಿಗೆ, ಒಂದು ಗೆಲುವು ನನಗೆ ಆಗಿ ಕೂಲರ್ ಮಾತ್ರ ಅಂಗಡಿಯಲ್ಲೇ ಉಳಿಯಿತು. ಅಂಗಡಿಯವನೋ ಅವಳು ಹೋದರೆ "ಗಾಲೀದ ಛಲೋರಿ ಅಕ್ಕಾರ" ಎನ್ನುತ್ತಿದ್ದ, ನಾನು ಹೋದರೆ "ಕಿಟಕೀದಽ ಖರೆ ಅಂದ್ರ" ಎನ್ನುತ್ತಿದ್ದ. ಏಪ್ರಿಲ್ ಬಂತು. ಶಶಿಕಲಾಳೂ ಬಂದಳು. ತುಂಬು ಬಸುರಿ ಒದ್ದೆ ಸೆರಗು ಹೊದ್ದು ಬರಿ ನೆಲದ ಮೇಲೆ ಹೊರಳಾಡುತ್ತ, "ಅಪ್ಪಾ, ಯಾವದರ ಒಂದು ತಗೊಂಡು ಬರ್ರಿ. ಗಾಲಿ ಇರಲಿ, ಬಿಡಲಿ," ಎನ್ನುತ್ತಿದ್ದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಜಗಳದಲ್ಲಿ ಕೂಸು ಹುಟ್ಟುವ ಮೊದಲೇ ಬೆವೆತಿತ್ತು. ಅವಳ ಮುಖ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಆದರೂ ಕಿಟಕಿಯದೇ ಸರಿ ಎಂದು ಅನ್ನಿಸುವುದು ನಿಲ್ಲಲಿಲ್ಲ. ಕೊನೆಗೆ ರಾಜಿಯಾಯಿತು. ಕಿಟಕಿಯ ಕೂಲರೇ ಆಗಲಿ, ಆದರೆ ಪಡಸಾಲೆಗಲ್ಲ, ಬಾಣಂತಿಯ ಕೋಣೆಗೆ. ನನ್ನ ನಿದ್ದೆಯ ಆಸೆಯನ್ನು ನುಂಗಿಕೊಂಡು ಒಪ್ಪಿದೆ. ಶಶಿಕಲಾ ಹೆರಿಗೆಗೆ ದವಾಖಾನೆ ಸೇರಿದಾಗ ಇತ್ತ ಇಬ್ಬರು ಆಳುಗಳು ಕಿಟಕಿಯ ಸರಳು ಕಿತ್ತು, ಕೂಲರ್ ಕೂಡಿಸಿ, ಸುತ್ತ ಸಿಮೆಂಟು ಮೆತ್ತಿ ಹೋದರು.

ಹೆಣ್ಣು ಕೂಸು. ತಾಯಿ ಮಗಳು ಮನೆಗೆ ಬಂದ ದಿನ ನಾನೇ ಕೈಯಾರೆ ಬಟನ್ ಒತ್ತಿದೆ. ಕೂಲರ್ ಗುಡುಗಿ ಗಾಳಿ ಬಿಟ್ಟಿತು, ಶಶಿಕಲಾ ಹೊರಸಿನ ಮೇಲೆ ಕೂತು ಕಣ್ಣು ಮುಚ್ಚಿ, "ಆಹಾ ಅಪ್ಪಾ," ಎಂದಳು. ಆ ಸುಖ ಅಷ್ಟೇ. ಒಳಗಿನಿಂದ ನನ್ನ ಅವ್ವ ಅಗ್ಗಿಷ್ಟಿಗೆಯಲ್ಲಿ ಕೆಂಡ ತುಂಬಿಕೊಂಡು ಬಂದಳು. ನಮ್ಮ ಕೂಲರ್ ಚರ್ಚೆಗಳಿಗೆಲ್ಲ ಗೋಡೆಗೆ ಒರಗಿ ಕೂತು ಕಿವಿಗೊಟ್ಟವಳು, ಒಂದು ಮಾತೂ ಆಡಿರಲಿಲ್ಲ. ಕೆಂಡವನ್ನು ಹೊರಸಿನ ಕೆಳಗಿಟ್ಟು, ಶಶಿಕಲಾಳ ಕಿವಿಗೆ ಅರಳೆ ತುರುಕಿ, ತಲೆಗೆ ಅರಿವೆ ಬಿಗಿದು, ಆಮೇಲೆ ನನ್ನ ಕಡೆ ತಿರುಗಿದಳು. "ಲೇ ಶರಣಾ, ಹಸಿ ಬಾಣಂತಿಗೆ ಥಂಡಗಾಳಿ ಬಡಸ್ತೀಯಲ್ಲೋ, ಬುದ್ಧಿ ಐತೇನು? ಆರಿಸದನ್ನ." ನಾನು ಆರಿಸಿದೆ. ಅವಳು ಒಂದು ದಪ್ಪ ಕೌದಿಯನ್ನು ಮಡಚಿ ಕೂಲರಿನ ಬಾಯಿಗೆ ಬಿಗಿಯಾಗಿ ತುರುಕಿದಳು.

"ಮೊದಲಽ ಹೇಳಬಾರದಾಗಿತ್ತೇನವ್ವಾ?" ಎಂದೆ. "ನನ್ನ ಯಾರು ಕೇಳಿದ್ರು? ನೀ ಮಕ್ಕೊಳ್ಳಾಕ ತರಾಕತ್ತಿ ಅಂತ ತಿಳಕೊಂಡಿದ್ದೆ," ಎಂದಳು. ಹೆತ್ತ ತಾಯಿಗೆ ಮಗನ ಮನಸ್ಸು ಹೇಗೆ ತಿಳಿಯುತ್ತದೋ. ಅವಳು ಅಷ್ಟಕ್ಕೇ ಬಿಡಲಿಲ್ಲ. "ಈದ ಎಮ್ಮೀನ ಗಾಳಿಗೆ ಕಟ್ಟಬ್ಯಾಡ್ರಿ ಅಂತ ಬಂದ ಬಂದವರಿಗೆಲ್ಲ ಹೇಳ್ತಿ. ಮಗಳಿಗೆ ಮರತಿ?" ನಿಜ. ಹಿಂದಿನ ದಿನವೇ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂದಿದ್ದ ಒಬ್ಬರಿಗೆ ಅದೇ ಮಾತನ್ನು ಕೈಸನ್ನೆ ಸಮೇತ ಹೇಳಿ ಕಳಿಸಿದ್ದೆ. ಗಿರಿಜಾ ನನ್ನ ಮುಖ ನೋಡಿದಳು, ನಾನು ಗಿರಿಜಾಳ ಮುಖ ನೋಡಿದೆ. ಅವಳ ಬಾಣಂತನಗಳೂ ಬೆಂಕಿಯ ಮೇಲೇ ಆಗಿದ್ದವು. ಆದರೆ ಎಲ್ಲವೂ ಚಳಿಗಾಲದಲ್ಲಿ, ಹಾಗಾಗಿ ಆ ಶಾಖ ಯಾರಿಗೂ ನೆನಪಿರಲಿಲ್ಲ. ಗಾಲಿಯದನ್ನು ತಂದಿದ್ದರೆ ಪಡಸಾಲೆಗಾದರೂ ತಳ್ಳಬಹುದಿತ್ತು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೀಗಿತಿ ಬಂದರು. ಸೆಕೆ ಕಂಡರೆ ಮಗಳನ್ನು ಕರೆದುಕೊಂಡು ಹೋಗಿಬಿಡುತ್ತಾರೆಂದು ಗಿರಿಜಾಳ ಅಂಜಿಕೆ. ಅವರು ಕೋಣೆ ಹೊಕ್ಕು, ಕೆಂಡ ನೋಡಿದರು, ಓಂಕಾಳಿನ ಹೊಗೆ ಮೂಸಿದರು, ಸೊಸೆಯ ಹಣೆಯ ಬೆವರು ಮುಟ್ಟಿದರು. ಮುಖ ಅರಳಿತು. "ಬಾಣಂತನ ಅಂದ್ರ ಹಿಂಗಿರಬೇಕು ನೋಡ್ರಿ. ಈ ಶಾಖ ನಮ್ಮ ಧಾರವಾಡದಾಗ ಎಲ್ಲಿ ಸಿಗಬೇಕು? ಐದು ತಿಂಗಳು ಆರಾಮ ಇಲ್ಲೇ ಇರಲಿ." ಗಿರಿಜಾ ಗೆದ್ದಳು, ತವರು ಗೆದ್ದಿತು. ಬೀಗಿತಿ ಕಿಟಕಿಯ ಕಡೆ ನೋಡಿ, "ಕೌದಿ ಇಡಾಕ ಛಲೋ ಪೆಟಗಿ ಮಾಡಿಸೀರಿ," ಎಂದು ಅದನ್ನೂ ಮೆಚ್ಚಿದರು. ಅರಳೆ ತುರುಕಿದ ಕಿವಿಯಲ್ಲೂ ಐದು ತಿಂಗಳು ಎಂಬುದು ಕೇಳಿಸಿತೆಂದು ಕಾಣುತ್ತದೆ, ಶಶಿಕಲಾ ಗೋಡೆಯ ಕಡೆ ಹೊರಳಿ ಮಲಗಿದಳು. ಅದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಅವ್ವ ಅಗ್ಗಿಷ್ಟಿಗೆಯ ಪಕ್ಕ ಕೂತು ತೂಕಡಿಸುವ ಹೊತ್ತಿಗೆ ನಾನು ಮನೆಯ ಮಗ್ಗುಲಿನ ಸಂದಿಗೆ ಹೋದೆ. ಅಲ್ಲಿ ಪಕ್ಕದ ಮನೆಯ ಖಾಜಾಸಾಬರ ಎಮ್ಮೆ ಬೇವಿನ ಗಿಡದ ಕೆಳಗೆ ಮಲಗಿ ಮೆಲುಕು ಹಾಕುತ್ತಿತ್ತು. ಒಂದು ಕೊಡ ನೀರು ತಂದು ಖಸ್ಸಿನ ಮೇಲೆ ಸುರಿದೆ. ಕೂಲರಿನ ಹಿಂದಿನ ತಗಡು ತೆಗೆದು, ಒಳಗೆ ಕೈ ಹಾಕಿ, ಪಂಖದ ಸಂದಿನಲ್ಲಿ ಬೆರಳು ತೂರಿಸಿ ಕೌದಿಯನ್ನು ಮೆಲ್ಲಗೆ ದೂಡಿದೆ. ಒಳಗಿನಿಂದ ಯಾರೋ ಅದರ ತುದಿ ಹಿಡಿದು ಒಂದು ಗೇಣು ಕೆಳಗೆ ಎಳೆದುಕೊಂಡರು. ಕೈಯ ಬಳೆ ಸಪ್ಪಳವಾದದ್ದರಿಂದ ಯಾರೆಂದು ಗೊತ್ತಾಯಿತು. ನಾನು ಬಗಲಲ್ಲಿ ಇರಿಸಿಕೊಂಡು ಬಂದಿದ್ದ ತಾಳೆಗರಿಯ ಬೀಸಣಿಕೆ ತೆಗೆದು ಪೆಟ್ಟಿಗೆಯೊಳಗೆ ಹಿಡಿದು ಹಗುರಾಗಿ ಬೀಸತೊಡಗಿದೆ. ಬಾಣಂತಿಗೆ ಬಡಿಯುವಂಥ ಗಾಳಿಯಲ್ಲ, ಖಸ್ಸಿನ ವಾಸನೆ ಒಳಗೆ ಹೋಗುವಷ್ಟು. "ಅಪ್ಪಾ," ಎಂದು ಪಿಸುದನಿ ಬಂತು, "ಭಾಳ ಹಿತ ಅನಸ್ತೈತಿ." ನಾನು ಬೀಸಣಿಕೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ. ಲಿಂಗಸುಗೂರು, ಮಸ್ಕಿ ಎಲ್ಲ ಸುತ್ತಿ, ಕಿಟಕಿಯ ಸರಳು ಕೀಳಿಸಿ ಕೂಡಿಸಿದ ವಿದ್ಯುತ್ ಯಂತ್ರದೊಳಗೆ ಕೈಬೀಸಣಿಕೆ ಬೀಸುತ್ತ ನಿಂತ ಮನುಷ್ಯ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಅಷ್ಟರಲ್ಲಿ ಅವ್ವನಿಗೆ ಎಚ್ಚರವಾಯಿತು. "ಯಾರದು ಕಿಟಕ್ಯಾಗ? ಏನೋ ಸಪ್ಪಳ ಆಗಾಕತ್ತೈತಿ." ನಾನು ಬೀಸಣಿಕೆಯನ್ನು ಹಾಗೆಯೇ ನಿಲ್ಲಿಸಿದೆ. ಗಿರಿಜಾ ಬಂದು ಕೌದಿಯ ಸಂದಿನಿಂದ ಇಣುಕಿದಳು. ನೆತ್ತಿಯಿಂದ ಬೆವರು ಇಳಿಯುತ್ತಿದ್ದ ನನ್ನ ಮುಖವನ್ನೂ ಬೀಸಣಿಕೆಯನ್ನೂ ಒಂದು ಗಳಿಗೆ ನೋಡಿದಳು.

"ಯಾರಿಲ್ರೀ ಅತ್ತಿ," ಎಂದಳು, "ಎಮ್ಮಿ ನಿಂತೈತಿ."

ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ನನಗೆ ಕೊಟ್ಟ ದೊಡ್ಡ ಮರ್ಯಾದೆ ಅದು. ಆದರೆ ನ್ಯಾಯ ಹೇಳಬೇಕಲ್ಲ. ಎಮ್ಮೆ ನೆರಳಿನಲ್ಲಿ ಮಲಗಿತ್ತು, ಬಿಸಿಲಿನಲ್ಲಿ ನಿಂತಿದ್ದವನು ನಾನು.