ಬಾಲಯೇಸುವಿಗೆ ಬಿಳಿ ಗೋಧಿ

ಈ ವರ್ಷದ ಕ್ರಿಸ್‌ಮಸ್ಸಿಗೆ ಝಹ್ಲೆ ಊರಿನಲ್ಲೇ ಅತಿ ಎತ್ತರದ ಹಸಿರು ನಮ್ಮ ಮನೆಯ ಗೋದಲಿಯಲ್ಲಿ ಇರತಕ್ಕದ್ದು ಎಂದು ನಾನು ಡಿಸೆಂಬರ್ ಮೂರನೆಯ ತಾರೀಕು ಅಡುಗೆಮನೆಯಲ್ಲಿ ಸೌಟು ಎತ್ತಿ ಹಿಡಿದು ಘೋಷಿಸಿದೆ. ಸಭೆಯಲ್ಲಿ ಇದ್ದವರು ಇಬ್ಬರು: ನನ್ನ ಗಂಡ ನಸೀಫ್ ಮತ್ತು ಬೆಕ್ಕು. ಬೆಕ್ಕು ಎದ್ದು ಹೊರಗೆ ಹೋಯಿತು.

"ಬೆಳೆಸ್ತಿರೋದು ಗೋಧಿ ತಾನೆ? ದೇವದಾರು ಮರ ಅಲ್ಲವಲ್ಲ?" ಎಂದ ನಸೀಫ್.

"ನೀನು ನೋಡ್ತಾ ಇರು!"

"ನೋಡ್ತೀನಿ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ."

ನನ್ನ ಆವೇಶಕ್ಕೆ ಕಾರಣವಿತ್ತು. ನಮ್ಮಲ್ಲಿ ಡಿಸೆಂಬರ್ ನಾಲ್ಕು ಸಂತ ಬರ್ಬಾರಳ ಹಬ್ಬ. ಅಂದು ಒಂದು ಪಾಲು ಗೋಧಿಯನ್ನು ಬೇಯಿಸಿ, ಸಕ್ಕರೆ, ಸೋಂಪು, ದಾಳಿಂಬೆ ಹಾಕಿ ತಿನ್ನುತ್ತೇವೆ. ಇನ್ನೊಂದು ಪಾಲನ್ನು ತಟ್ಟೆಯಲ್ಲಿ ಒದ್ದೆ ಹತ್ತಿಯ ಮೇಲೆ ಬಿತ್ತುತ್ತೇವೆ. ಕ್ರಿಸ್‌ಮಸ್ ಹೊತ್ತಿಗೆ ಅದು ಗೇಣುದ್ದ ಬೆಳೆದು, ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಪುಟ್ಟ ಹೊಲದಂತೆ ನಿಂತಿರುತ್ತದೆ. ಈ ಕೆಲಸ ಐವತ್ತನಾಲ್ಕು ವರ್ಷ ನನ್ನ ಅತ್ತೆ ವರ್ದೆಯವರದಾಗಿತ್ತು. ಮಾವ ಆಲಿವ್ ಮರದಲ್ಲಿ ಕೆತ್ತಿದ ಗೋದಲಿಯ ಬೊಂಬೆಗಳನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈ ಶರತ್ಕಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಮ್ಮ ಮನೆಗೆ ಬಂದರು. ಬಂದ ದಿನವೇ ಬೊಂಬೆಗಳ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟರು.

"ಅಫೀಫೆ, ನನ್ನ ಕಣ್ಣೂ ಮಂಜು, ಸೊಂಟಾನೂ ಹೋಯ್ತು. ಈ ಸಲ ಗೋದಲಿ ನಿನ್ನ ಕೈಗೆ ಕೊಟ್ಟಿದೀನಿ. ಹಸಿರು ಸರಿಯಾಗಿ ಬಂದ್ರೆ ಇಲ್ಲೇ ಇರಲಿ. ಬರ್ಲಿಲ್ಲ ಅಂದ್ರೆ ಮಿರ್ನಾಗೆ ಕಳಿಸ್ಬಿಡ್ತೀನಿ."

ಮಿರ್ನಾ ನನ್ನ ಓರಗಿತ್ತಿ. ಸಮುದ್ರದಂಡೆಯ ಜೂನಿಯೆಯಲ್ಲಿ ಇದ್ದಾಳೆ. ಒಳ್ಳೆಯವಳು. ದೂರದಲ್ಲಿದ್ದಾಳೆ ಎನ್ನುವುದು ಅದಕ್ಕೆ ಮುಖ್ಯ ಕಾರಣ. ಮಾವ ಕೆತ್ತಿದ ಬಾಲಯೇಸು ಅವಳ ಟಿವಿ ಮೇಲೆ ಕೂರುವುದೆಂದರೆ! ದೇವರು ಕ್ಷಮಿಸಲಿ, ಆ ರಾತ್ರಿ ಜಪಮಾಲೆ ಹಿಡಿದು ನಾನು ಬೇಡಿಕೊಂಡದ್ದು ಲೋಕಕ್ಕೆ ಶಾಂತಿಯನ್ನಲ್ಲ, ಗೋಧಿಗೆ ಮೊಳಕೆಯನ್ನು.

ಗೋಧಿ ಕಳಿಸಿದವನು ಬಯಲುಸೀಮೆಯ ಹಳ್ಳಿಯಲ್ಲಿರುವ ನಸೀಫನ ಚಿಕ್ಕಪ್ಪನ ಮಗ. ಎರಡು ಚೀಲ. ಒಂದರಲ್ಲಿ ಕೆಂಚು ಬಣ್ಣದ, ಮೈಯೆಲ್ಲ ಹೊಟ್ಟು ಅಂಟಿಕೊಂಡಿದ್ದ ಒರಟು ಕಾಳು. ಇನ್ನೊಂದರಲ್ಲಿ ಬೆಳ್ಳಗೆ, ದುಂಡಗೆ, ಮುತ್ತಿನಂಥ ಕಾಳು. ಯಾವುದು ಯಾವುದಕ್ಕೆ ಎಂದು ಅವನು ಬರೆದು ಕಳಿಸಿರಲಿಲ್ಲ. ಯಾಕೆ ಬರೆಯುತ್ತಾನೆ? ಹಳ್ಳಿಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯವಂತೆ. ನಾನು ಪೇಟೆಯಲ್ಲಿ ಬಟ್ಟೆ ಅಂಗಡಿಯವರ ಮನೆಯಲ್ಲಿ ಹುಟ್ಟಿದವಳು. ಬಟ್ಟೆಯಾಗಿದ್ದರೆ ಮುಟ್ಟಿ ಹೇಳುತ್ತಿದ್ದೆ.

ಎರಡು ಚೀಲದ ಮುಂದೆ ಕೂತು ನಾನು ಭಕ್ತಿಯಿಂದ ಯೋಚಿಸಿದೆ. ಬೆಳ್ಳಗಿನ ಚೆಂದದ ಕಾಳನ್ನು ನಮ್ಮ ಹೊಟ್ಟೆಗೆ ಹಾಕಿಕೊಂಡು, ಕೆಂಚು ಕಾಳನ್ನು ಬಾಲಯೇಸುವಿಗೆ ಕೊಡುವುದೇ? ಛೆ! ಒಳ್ಳೆಯದು ಆತನಿಗೆ, ಉಳಿದದ್ದು ನಮಗೆ! ಹೀಗೆ ತೀರ್ಮಾನಿಸಿ ಎದ್ದಾಗ ನನ್ನ ಕಣ್ಣಲ್ಲಿ ನೀರೇ ಬಂದಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದು ನಮ್ಮ ಮನೆಯೊಳಗಿನ ಮಾತಾಗಿ ಮುಗಿಯುತ್ತಿತ್ತು. ಆದರೆ ಔದಾರ್ಯ ಎನ್ನುವುದು ನೋಡಿ, ಒಮ್ಮೆ ಉಕ್ಕಿದರೆ ಹಾಲಿನ ಹಾಗೆ, ಒಲೆಯನ್ನೆಲ್ಲ ಹಾಳುಮಾಡಿಯೇ ಇಳಿಯುತ್ತದೆ. ನಮ್ಮ ಬೀದಿಯ ಒಂಬತ್ತು ಮನೆಗೂ ನಾನೇ ತಟ್ಟೆ ಸಿದ್ಧಮಾಡಿದೆ. ಕೆಳಗೆ ಹತ್ತಿ, ನಡುವೆ ನೆನೆಸಿದ ಬಿಳಿ ಗೋಧಿ, ಮೇಲೆ ಮತ್ತೆ ಹತ್ತಿ, ಅದರ ಮೇಲೆ ಚರ್ಚಿನಿಂದ ತಂದ ತೀರ್ಥ. "ತೆರೆದು ನೋಡಬೇಡಿ. ನೀರು ಚಿಮುಕಿಸಿ, ನಂಬಿಕೆ ಇಡಿ" ಎಂದು ಉಪದೇಶವನ್ನೂ ಸೇರಿಸಿ ಮನೆಮನೆಗೆ ಹಂಚಿದೆ.

ಎದುರುಮನೆಯ ಉಮ್ ಗತ್ತಾಸ್ ತಟ್ಟೆಯನ್ನು ಎದೆಗೊತ್ತಿಕೊಂಡಳು. "ಅಫೀಫೆ, ನೀನು ಹೆಂಗಸಲ್ಲ ಕಣೆ, ಸಂತಳು!"

"ಅಯ್ಯೋ ಬಿಡಿ ಅಕ್ಕಾ" ಎಂದೆ, ಇನ್ನೊಮ್ಮೆ ಹೇಳಲಿ ಎಂದು ಸ್ವಲ್ಪ ಹೊತ್ತು ನಿಂತೆ.

ಮೊದಲ ಅಪಶಕುನ ಅಂದು ಸಂಜೆಯೇ ಆಯಿತು. ಕೆಂಚು ಗೋಧಿ ನಾಲ್ಕು ಗಂಟೆ ಕುದಿದರೂ ಮೆತ್ತಗಾಗಲಿಲ್ಲ. ಒಂದು ಗ್ಯಾಸ್ ಸಿಲಿಂಡರ್ ಮುಗಿದು ಎರಡನೆಯದು ಬಂತು. ಸಕ್ಕರೆ, ದಾಳಿಂಬೆ, ಅಕ್ರೋಟು ಎಲ್ಲ ಹಾಕಿ ಬಟ್ಟಲು ಮುಂದಿಟ್ಟೆ. ಅತ್ತೆ ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಮಾತಾಡಲು ಬಾಯಿ ಬಿಡುವಾಗಿರಲಿಲ್ಲ.

"ಇದು ಎಲ್ಲಿಂದ ಬಂದ ಗೋಧಿ, ಅಫೀಫೆ?"

"ಹಳ್ಳಿಯಿಂದ, ಅತ್ತೆ."

"ನಡ್ಕೊಂಡೇ ಬಂದಿರ್ಬೇಕು. ಕಾಲು ಬಹಳ ಗಟ್ಟಿ ಇದೆ."

ನಸೀಫ್ ಬಾಯಿಂದ ಒಂದು ಚೂರು ತೆಗೆದು, ಇದು ಅಕ್ರೋಟಿನದೋ ತನ್ನ ಹಲ್ಲಿನದೋ ಎಂದು ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದ. ನಾನು ಗ್ಯಾಸ್ ಕಂಪನಿಯನ್ನು ಬೈದು ಸುಮ್ಮನಾದೆ.

ಎಂಟನೆಯ ತಾರೀಕು ಬಂತು. ಅಷ್ಟು ಹೊತ್ತಿಗೆ ಹತ್ತಿಯನ್ನು ತಳ್ಳಿಕೊಂಡು ಬಿಳಿ ಮೊನೆಗಳು ಮೇಲೇಳಬೇಕು. ನನ್ನ ತಟ್ಟೆ ಮಲಗಿದ್ದ ಹಾಗೇ ಮಲಗಿತ್ತು. ಅತ್ತೆ ಹಾಸಿಗೆಯಿಂದಲೇ ಕೂಗಿದರು: "ಬಂತೇನೇ?"

"ಬರ್ತಾ ಇದೆ ಅತ್ತೆ!"

ಅದು ಮೊದಲ ಸುಳ್ಳು. ಗೋಧಿಯ ಬದಲು ಆ ದಿನದಿಂದ ಸುಳ್ಳು ಬೆಳೆಯತೊಡಗಿತು, ಅದೂ ಎಂಥ ಬೆಳೆ! ಹತ್ತನೆಯ ತಾರೀಕಿಗೆ ಒಂದು ಬೆರಳು, ಹದಿಮೂರಕ್ಕೆ ಎರಡು ಬೆರಳು, ಹದಿನೆಂಟಕ್ಕೆ ಗೇಣು! ತಟ್ಟೆಯನ್ನು ಡೀಸೆಲ್ ಒಲೆಯ ಪಕ್ಕ ಇಟ್ಟೆ. ಉಣ್ಣೆಯ ಶಾಲು ಹೊದಿಸಿದೆ. ಬಿಸಿನೀರು ಚಿಮುಕಿಸಿದೆ. ಎರಡು ಸಲ ಎಲ್ಲ ಎಸೆದು, ಮತ್ತೆ ಅದೇ ಚೀಲದಿಂದ ಇನ್ನೂ ಬೆಳ್ಳಗಿರುವ ಕಾಳು ಆರಿಸಿ ಆರಿಸಿ ಬಿತ್ತಿದೆ. ಬಂದದ್ದು ಹಸಿರೇ ಹೌದು, ಆದರೆ ಬೂಷ್ಟು! ಅದನ್ನು ಬಟ್ಟೆಯ ಕಪಾಟಿನ ಮೇಲೆ ಅಡಗಿಸಿಟ್ಟೆ.

ನಸೀಫ್ ಮೂಗು ಮೇಲೆತ್ತಿ ಕೋಣೆಯೆಲ್ಲ ಸುತ್ತಿದ. "ಅಫೀಫೆ, ಏನೋ ಸತ್ತಿದೆ ಇಲ್ಲಿ."

"ನಿನ್ನ ಕಾಲುಚೀಲ."

"ನನ್ನ ಕಾಲುಚೀಲ ಒಗೆಯೋದು ಯಾರು?"

ಈ ದಾರಿಯಲ್ಲಿ ಮಾತು ಮುಂದುವರಿಸುವುದು ಬೇಡ ಎನಿಸಿತು.

ಯಾರನ್ನಾದರೂ ಕೇಳಬಹುದಿತ್ತು ಎನ್ನುತ್ತೀರಿ. ಕೇಳುವುದು ಹೇಗೆ? ಹಂಚಿದವಳೇ ನಾನು! ಬೀದಿಯ ಹೆಂಗಸರಿಗೆಲ್ಲ ಏನಾದರೂ ಹೇಳಿಕೊಳ್ಳಬೇಕಾದರೆ ನನ್ನ ಹತ್ತಿರ ಬರುವ ಅಭ್ಯಾಸ. ಸೊಸೆಯ ಮೇಲೆ ದೂರು, ಮಂಡಿನೋವು, ಮಗಳ ಸಂಬಂಧ, ಎಲ್ಲ ನನ್ನ ಕಿವಿಗೇ. ಆದ್ದರಿಂದ ಕಿವಿ ಚುರುಕುಮಾಡಿಕೊಂಡು ಕಾದೆ. ಆಶ್ಚರ್ಯವೆಂದರೆ ಗೋಧಿಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನಾನೇ ಕೆಣಕಿದರೆ ಎಲ್ಲರದೂ ಒಂದೇ ಉತ್ತರ: "ದೇವರ ದಯೆ, ಚೆನ್ನಾಗಿ ಬಂದಿದೆ!" ಅಂದರೆ ಇಡೀ ಬೀದಿಯಲ್ಲಿ ದೇವರ ದಯೆ ತಪ್ಪಿದ್ದು ನನಗೊಬ್ಬಳಿಗೇ!

ಇಪ್ಪತ್ತೆರಡರಂದು ಪಾಪನಿವೇದನೆಗೆ ಹೋದೆ. ನಮ್ಮ ಪಾದ್ರಿ ಅಬೂನಾ ಮಿಖಾಯಿಲ್ ಕೆಮ್ಮಿ, ಹೇಳಮ್ಮ ಎಂದರು.

"ಸುಳ್ಳು ಹೇಳಿದೀನಿ ಅಬೂನಾ. ಅತ್ತೆ ಹತ್ರ. ದಿನಕ್ಕೆ ಎರಡು ಸಲ, ಹದಿನೈದು ದಿನ."

"ಯಾವ ವಿಷಯಕ್ಕೆ?"

"ಗೋಧಿ ಬೆಳೆದಿದೆ ಅಂತ."

"ಎಷ್ಟು ಬೆಳೆದಿದೆ ಅಂದೆ?"

"ಗೇಣುದ್ದ."

"ಸ್ವಲ್ಪ ಕಮ್ಮಿ ಹೇಳ್ಬಾರದಿತ್ತೇನಮ್ಮ?" ಎಂದು ಉಸಿರುಬಿಟ್ಟರು. "ಹೋಗಿ ಅತ್ತೆಗೆ ನಿಜ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ."

"ಖಂಡಿತ ಅಬೂನಾ" ಎಂದೆ. ಯಾವತ್ತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಬ್ಬ ಕಳೆಯಲಿ, ಬೊಂಬೆಗಳು ನಮ್ಮ ಮನೆಯಲ್ಲಿ ಬೇರೂರಲಿ, ಆಮೇಲೆ ಒಂದು ಒಳ್ಳೆಯ ದಿನ ನೋಡಿ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಉಮ್ ಗತ್ತಾಸಳ ಬಾಗಿಲು ತಟ್ಟಿದೆ. ಅವಳ ಹಸಿರಿನಲ್ಲಿ ಅರ್ಧ ಬೇಡಿ ತರುವುದು ನನ್ನ ಯೋಜನೆ. ಅವಳು ಬಾಗಿಲನ್ನು ಒಂದು ಮೂಗು ಹಿಡಿಸುವಷ್ಟು ಮಾತ್ರ ತೆರೆದಳು.

"ಅಕ್ಕಾ, ನಿಮ್ಮ ಗೋಧಿ ಒಂಚೂರು ನೋಡೋಣ ಅಂತ ಬಂದೆ."

"ಬೇಡಮ್ಮ, ದೃಷ್ಟಿ ಆಗುತ್ತೆ."

"ನನ್ನ ದೃಷ್ಟಿನೇ? ನಾನೇ ಕೊಟ್ಟದ್ದಲ್ವಾ?"

"ಕೊಟ್ಟೋರ ದೃಷ್ಟಿ ಬೇಗ ತಾಗುತ್ತೆ!" ಬಾಗಿಲು ಮುಚ್ಚಿತು. ಎಂಥ ಜಂಬ ಈ ಹೆಂಗಸಿಗೆ ಎಂದು ಬೈದುಕೊಂಡು ಬಂದೆ.

ಇಪ್ಪತ್ತನಾಲ್ಕರ ಬೆಳಿಗ್ಗೆ, ಮೊಸರು ಕಡೆಯುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಅತ್ತೆಯ ಕಣ್ಣು ಮಂಜು. ಅವರು ಹಸಿರನ್ನು ನೋಡುವುದಿಲ್ಲ, ಮುಟ್ಟುತ್ತಾರೆ. ಮುಟ್ಟಲು ಹಸಿಯಾಗಿ, ಉದ್ದವಾಗಿ, ತಂಪಾಗಿ ಏನಿದ್ದರೂ ಸಾಕು. ಪಾರ್ಸ್ಲಿ ಸೊಪ್ಪು! ಹೆಚ್ಚಿ, ಈರುಳ್ಳಿ ಬೆರೆಸಿ, ನಿಂಬೆ ಹಿಂಡಿ ತಬ್ಬೂಲೆ ಎಂಬ ಕೋಸಂಬರಿ ಮಾಡುತ್ತೇವಲ್ಲ, ಅದೇ. ಕೊತ್ತಂಬರಿಯ ಹಾಗೆಯೇ, ಆದರೆ ದಂಟು ಗಟ್ಟಿ, ನೆಟ್ಟಗೆ ನಿಲ್ಲುತ್ತದೆ. ಎಲೆಗಳನ್ನು ಉದ್ದಕ್ಕೆ ಸೀಳಿಬಿಟ್ಟರೆ ಗೋಧಿಗೂ ಅದಕ್ಕೂ ಏನು ವ್ಯತ್ಯಾಸ?

ತರಕಾರಿ ಶುಕ್ರಿಯ ಅಂಗಡಿಗೆ ಓಡಿದೆ. ಅವನು ಖಾಲಿಯಾಗುತ್ತ ಬಂದ ಬುಟ್ಟಿ ತೋರಿಸಿದ. "ಎರಡೇ ಕಟ್ಟು ಉಳಿದಿದೆ. ನಿಮ್ಮ ಬೀದಿಯವರಿಗೆ ಏನಾಗಿದೆ ಅಮ್ಮಾ? ನಾಳೆ ಎಲ್ಲರ ಮನೇಲೂ ತಬ್ಬೂಲೆನೇ ಊಟವಾ?"

"ಹಬ್ಬ ಅಲ್ವಾ" ಎಂದು ಎರಡೂ ಕಟ್ಟು ಕಿತ್ತುಕೊಂಡು ಬಂದೆ. ಅವನ ಮಾತು ನನ್ನ ಕಿವಿಯೊಳಗೆ ಹೋಯಿತೇ ಹೊರತು ತಲೆಗೆ ಹೋಗಲಿಲ್ಲ.

ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ಹತ್ತಿಯಲ್ಲಿ ಒಂದೊಂದೇ ದಂಟು ನೆಟ್ಟೆ. ಕತ್ತರಿಯಿಂದ ತಲೆ ಸಮಮಾಡಿದೆ. ಬೊಂಬೆಗಳನ್ನು ಜೋಡಿಸಿದೆ. ಕುರಿಗಳು ಎದೆಯಾಳದ ಹಸಿರಿನಲ್ಲಿ ನಿಂತವು. ನೋಡಿ ನನಗೇ ಹೆಮ್ಮೆಯಾಯಿತು. ಸತ್ಯ ಹೇಳುತ್ತೇನೆ, ಅಷ್ಟು ಚೆಂದದ ಗೋಧಿಯನ್ನು ನಾನು ಬೇರೆಲ್ಲೂ ಕಂಡಿಲ್ಲ!

ನಾಲ್ಕು ಗಂಟೆಗೆ ಅತ್ತೆ ಊರುಗೋಲು ಊರಿಕೊಂಡು ಬಂದರು. ಕುರಿಗಳ ಬೆನ್ನು ಸವರಿದರು. ಮಾವ ಕೆತ್ತಿದ ಜೋಸೆಫನ ಮುಖದ ಮೇಲೆ ಹೆಬ್ಬೆರಳು ಆಡಿಸಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಂಗೈಯನ್ನು ಹಸಿರಿನ ಮೇಲೆ ಹಾಯಿಸಿದರು. ಅವರು ಒಂದು ಎಲೆ ಕಿತ್ತರು. ಮೂಸಿದರು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಅಫೀಫೆ."

"ಅತ್ತೆ."

"ಮನೇಲಿ ನಿಂಬೆಹಣ್ಣು ಇದೆಯಾ?"

"ಇದೆ ಅತ್ತೆ. ಯಾಕೆ?"

"ಅದನ್ನ ಹಿಂಡಿ, ಒಂದು ಈರುಳ್ಳಿ ಹೆಚ್ಚಿ ಹಾಕ್ಬಿಟ್ರೆ ನಿನ್ನ ಗೋಧಿ ಹೊಲ ಊಟಕ್ಕೆ ತಯಾರು."

ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಬಾಯಿಬಿಟ್ಟವಳು ನಾನು. ಹದಿನೇಳು ದಿನದ ಸುಳ್ಳನ್ನೂ ಕಪಾಟಿನ ಮೇಲಿನ ಬೂಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಅತ್ತೆ ಕಾಲ ಬಳಿ ಕುಸಿದು ಕೂತೆ.

"ಬಿತ್ತಿದ ಗೋಧಿ ತಾ ಇಲ್ಲಿ" ಎಂದರು. ಚೀಲ ತಂದೆ. ಅವರು ಒಂದು ಹಿಡಿ ತೆಗೆದು ಬೆರಳ ನಡುವೆ ಉರುಳಿಸಿದರು. "ಮಗಳೇ, ಇದು ಕುಟ್ಟಿದ ಗೋಧಿ. ಕುಟ್ಟಿ ಹೊಟ್ಟು ತೆಗೆದಾಗ್ಲೇ ಮೊಳಕೆ ಕಣ್ಣೂ ಹಾರಿಹೋಗಿದೆ. ಇದು ಪಾತ್ರೆಗೆ ಹಾಕೋದು. ಹೊಟ್ಟು ಇರೋ ಕೆಂಚು ಕಾಳು ಬಿತ್ತೋಕೆ. ಆ ಕೆಂಚು ಎಲ್ಲಿ?"

"ಅದು... ನಾವು ತಿಂದ್ವಲ್ಲ ಅತ್ತೆ."

"ತಿಂದ್ವಾ? ನಾನಿನ್ನೂ ಅಗೀತಾನೇ ಇದೀನಿ!"

ಅಷ್ಟರಲ್ಲಿ ನಸೀಫ್ ಖಾಲಿ ಚೀಲ ಬೀಸಿಕೊಂಡು ಬಂದ. "ನಾಳೆ ತಬ್ಬೂಲೆ ಇಲ್ಲ! ಊರಲ್ಲೇ ಒಂದು ಎಳೆ ಪಾರ್ಸ್ಲಿ ಇಲ್ಲ. ನಮ್ಮ ಬೀದಿಯ ಒಂಬತ್ತು ಮನೆ ಹೆಂಗಸರೂ ನಿನ್ನೆಯಿಂದ ಸಾಲಾಗಿ ಬಂದು ಬಾಚಿಕೊಂಡು ಹೋದ್ರಂತೆ. ಉಮ್ ಗತ್ತಾಸ್ ಒಬ್ಬಳೇ ಆರು ಕಟ್ಟು! ಶುಕ್ರಿ ತಲೆ ಕೆರ್ಕೊಂಡು ಕೂತಿದಾನೆ."

ಅತ್ತೆ ನನ್ನತ್ತ ತಿರುಗಿದರು. "ನೀನು ಈ ಗೋಧಿ ಬೇರೆ ಯಾರಿಗಾದ್ರೂ ಕೊಟ್ಯಾ?"

"ಒಂಬತ್ತು ಮನೆಗೆ" ಎಂದೆ.

ಅತ್ತೆ ನಗತೊಡಗಿದರು. ಸೊಂಟ ಹಿಡಿದುಕೊಂಡು, "ಅಯ್ಯೋ ನಗಿಸ್ಬೇಡ್ರೋ, ಮೂಳೆ ಬಿಟ್ಕೊಳ್ಳುತ್ತೆ!" ಎಂದು ಅಳುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ನಾನು ಹೆದರುತ್ತಾ ಕೇಳಿದೆ: "ಗೋದಲಿ ಮಿರ್ನಾಗೆ ಕಳಿಸ್ತೀರಾ ಅತ್ತೆ?"

"ಅವಳು ಪ್ಲಾಸ್ಟಿಕ್ ಹುಲ್ಲು ಹಾಕ್ತಾಳೆ. ಅದನ್ನ ತಿನ್ನೋಕಾಗುತ್ತಾ? ಇಲ್ಲೇ ಇರಲಿ. ಆದ್ರೆ ಒಂದು ಷರತ್ತು. ಪೂಜೆಯ ಗಂಟೆ ಹೊಡೆಯೋದ್ರೊಳಗೆ ಒಂಬತ್ತು ಮನೆಗೂ ಹೋಗಿ, ಗೋಧಿ ಸತ್ತದ್ದು ನಿನ್ನಿಂದ ಅಂತ ಹೇಳಿ ಬರ್ಬೇಕು. ಪಾಪ, ಒಬ್ಬೊಬ್ಬಳೂ ಏನೇನು ಅಂದ್ಕೊಂಡು ಕೂತಿದಾಳೋ."

ಬಾಲಯೇಸುವಿಗಾಗಿ ಅಲ್ಲದಿದ್ದರೂ ಗೋದಲಿಗಾಗಿ ಹೊರಟೆ. ಮೊದಲ ಬಾಗಿಲು ಉಮ್ ಗತ್ತಾಸಳದು. ಈ ಸಲ ಅವಳ ಕಣ್ಣು ಕೆಂಪಗಿತ್ತು. ನಾನು ತಲೆ ತಗ್ಗಿಸಿ, ಕುಟ್ಟಿದ ಗೋಧಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದೆ.

ಅವಳು ಬಾಗಿಲನ್ನು ಪೂರ್ತಿ ತೆರೆದಳು. ಒಳಗೆ ಗೋದಲಿಯಲ್ಲಿ ಆರು ಕಟ್ಟು ಪಾರ್ಸ್ಲಿ ಕಾಡಿನಂತೆ ನಿಂತಿತ್ತು. ಅದರಾಚೆ ಸೋಫಾದಲ್ಲಿ ಅವಳ ಗಂಡ ತೋಳು ಕಟ್ಟಿಕೊಂಡು, ಹಬ್ಬದ ದಿನ ಇರಬಾರದಂಥ ಮುಖಮಾಡಿಕೊಂಡು ಕೂತಿದ್ದ.

"ಗೋಧಿ ಸತ್ತದ್ದು ನಿನ್ನಿಂದಾನಾ?" ಎಂದಳು ಉಮ್ ಗತ್ತಾಸ್. "ನಾನು ಮಾಡಿದ ಪಾಪದಿಂದ ಅಲ್ವಾ?"

"ಅಲ್ಲ ಅಕ್ಕಾ. ನಿಮ್ಮಿಂದ ಏನೂ ಆಗಿಲ್ಲ."

"ಹಾಳಾಗಿ ಹೋಗೇ ಅಫೀಫೆ! ಪಾಪ ತೊಳೆದುಕೊಂಡ್ರೆ ಮೊಳೀಬಹುದು ಅಂತ ಇವತ್ತು ಬೆಳಿಗ್ಗೆ ತಾನೆ ನಮ್ಮ ಮನೆಯವರ ಮುಂದೆ ಮಂಡಿಯೂರಿ, ಅವರಿಗೆ ಗೊತ್ತೇ ಇಲ್ಲದ ಮೂರು ತಪ್ಪು ಒಪ್ಕೊಂಡೆ! ಈಗ ಬಾ ಒಳಗೆ, ಅದನ್ನೆಲ್ಲ ಅವರ ತಲೆಯಿಂದ ವಾಪಸ್ ತೆಗೆದುಕೊಡು!"