ಜೀಪಿಗೆ ಲಿಫ್ಟ್, ಕಲ್ಲಿಗೆ ಸವಾರಿ

ಜೀಪನ್ನು ಎತ್ತರ ಮಾಡಿಯೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸುಮನಾ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಇಂಥ ಚಾರಿತ್ರಿಕ ಘೋಷಣೆಗೆ ಕತ್ತೆತ್ತಿಯಾದರೂ ನೋಡಬೇಕಿತ್ತು. ನೋಡಲಿಲ್ಲ.

"ಯಾರಿಗಿಂತ?" ಎಂದಳು.

"ಯಾರಿಗಿಂತ ಅಂದ್ರೆ? ನೆಲಕ್ಕಿಂತ."

"ಈಗೇನು ನೆಲದೊಳಗೆ ಓಡಾಡ್ತಿದೆಯಾ?"

ಹೆಚ್ಚು ಕಡಿಮೆ ಹಾಗೇ ಓಡಾಡುತ್ತಿದೆ ಎನ್ನುವುದೇ ನನ್ನ ವಾದವಾಗಿತ್ತು. ನಮ್ಮದು ಹೊಂಗಡಹಳ್ಳದ ಹತ್ತಿರ ಒಂದು ಕಾಫಿ ತೋಟ. ಎಸ್ಟೇಟ್ ಎಂದು ಬೋರ್ಡು ಬರೆಸಿದ್ದು ನಮ್ಮಪ್ಪ. ಬೋರ್ಡಿಗಿಂತ ತೋಟ ಸ್ವಲ್ಪ ದೊಡ್ಡದು, ಅಷ್ಟೇ. ಜೀಪೂ ಅವರ ಕಾಲದ್ದೇ. ಗೇಟಿನಿಂದ ಕಾಫಿ ಸ್ಟೋರಿಗೆ ಬರುವ ದಾರಿಯಲ್ಲಿ, ಎರಡು ಚಕ್ರದ ಜಾಡಿನ ನಟ್ಟ ನಡುವೆ, ಒಂದು ಕಲ್ಲು ತಲೆ ಎತ್ತಿಕೊಂಡಿತ್ತು. ಜೀಪು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅದಕ್ಕೆ ಹೊಟ್ಟೆ ತಾಗಿಸಿಕೊಂಡು ಟಣ್ ಎನ್ನುತ್ತಿತ್ತು. ಆ ಟಣ್ ಕೇಳಿಸಿದ ಮೇಲೆಯೇ ಸುಮನಾ ನನ್ನ ಕಾಫಿಗೆ ನೀರಿಡುತ್ತಿದ್ದುದು.

"ಆ ಕಲ್ಲು ಕೀಳಿಸಿ ಅಂತ ಮದುವೆ ಆದಾಗಿಂದ ಹೇಳ್ತಿದೀನಿ" ಎಂದಳು.

ಸುಮನಾ ಪಾಳ್ಯದ ಕಡೆಯವಳು. ಗದ್ದೆ ಬಯಲಿನ ಜನಕ್ಕೆ ಕಲ್ಲಿನ ಗುಣ ತಿಳಿಯುವುದಿಲ್ಲ. ನಾನು ತಾಳ್ಮೆಯಿಂದ ವಿವರಿಸಿದೆ. "ಅದು ಕಲ್ಲಲ್ಲ ಕಣೇ, ಬಂಡೆ. ಈ ಬೆಟ್ಟದ ಬೇರು. ಮೇಲೆ ಕಾಣೋದು ನೆತ್ತಿ ಮಾತ್ರ. ಅಗೀತಾ ಹೋದ್ರೆ ಪಾತಾಳ ಸಿಗುತ್ತೆ."

"ಸಿಗಲಿ ಬಿಡಿ, ಬಾವಿ ಆದ್ರೂ ಆಗುತ್ತೆ."

ನನಗೆ ಜ್ಞಾನೋದಯವಾದದ್ದು ಬಿಸ್ಲೆ ರಸ್ತೆಯಲ್ಲಿ. ಅದು ಎರಡು ಸಾವಿರದ ಮೂರನೇ ಇಸವಿ. ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನ ಹುಡುಗರು ಹಳೇ ಜೀಪುಗಳಿಗೆ ಬಣ್ಣ ಬಳಿದುಕೊಂಡು ನಮ್ಮ ಕಡೆ ಕೆಸರು ಹುಡುಕಿಕೊಂಡು ಬರಲು ಶುರುಮಾಡಿದ್ದ ಕಾಲ. ನಾವು ಜನ್ಮವಿಡೀ ತಪ್ಪಿಸಿಕೊಂಡು ಓಡಾಡಿದ ಕೆಸರಿನೊಳಗೆ ಅವರು ಬೇಕೆಂದೇ ಇಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಲ್ಲೊಬ್ಬ ಕೆಂಪು ಟೋಪಿಯವನ ಜೀಪು ನನ್ನ ಜೀಪಿನ ಪಕ್ಕ ನಿಂತಿತ್ತು. ಎರಡೂ ಒಂದೇ ಕಾಲದವು. ಅವನದು ಮಾತ್ರ ಒಂದು ಗೇಣು ಮೇಲಿತ್ತು.

"ಸಸ್ಪೆನ್ಷನ್ ಲಿಫ್ಟ್ ಮಾಡ್ಸಿದೀನಿ ಅಂಕಲ್. ಆರು ಇಂಚು" ಎಂದ. ಆಮೇಲೆ ನನ್ನ ಜೀಪನ್ನು ನೋಡಿ, "ನಿಮ್ದು ಹೊಟ್ಟೆ ಸ್ವಲ್ಪ ಕೆಳಗೆ ಬಂದುಬಿಟ್ಟಿದೆ" ಎಂದ. ನನಗೆ ಹೇಳಿದ್ದೋ ಜೀಪಿಗೆ ಹೇಳಿದ್ದೋ ಗೊತ್ತಾಗಲಿಲ್ಲ. ಇಬ್ಬರಿಗೂ ಒಪ್ಪುವ ಮಾತಾಗಿತ್ತು.

ಲಿಫ್ಟ್ ಎಂದರೆ ದಾರಿಯಲ್ಲಿ ಕೈ ಅಡ್ಡ ಹಿಡಿದವರಿಗೆ ಕೊಡುವುದು ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ವಾಹನಕ್ಕೇ ಲಿಫ್ಟ್ ಕೊಡಬಹುದು ಎಂದು ಗೊತ್ತಾದ ಮೇಲೆ ನನಗೆ ನಿದ್ದೆ ಬರಲಿಲ್ಲ.

"ಮಾಡಿಸ್ಕೊಳ್ಳಿ" ಎಂದಳು ಸುಮನಾ, "ಆದ್ರೆ ಕುಯ್ಲು ಮುಗಿದ ಮೇಲೆ. ಸೋಮವಾರದಿಂದ ತಾಯಮ್ಮನ ಗುಂಪು ಬರುತ್ತೆ."

ತಾಯಮ್ಮ ಎಂದರೆ ನಮ್ಮ ತೋಟಕ್ಕೆ ಹಣ್ಣು ಕುಯ್ಯಲು ಬರುವ ಹೆಂಗಸರ ಯಜಮಾನಿ. ಬೆಳಿಗ್ಗೆ ಊರಿನ ತಿರುವಿನಲ್ಲಿ ಅವರನ್ನು ಜೀಪಿಗೆ ತುಂಬಿಕೊಂಡು ಬರುವುದು, ಸಂಜೆ ಅಲ್ಲಿಗೇ ಬಿಟ್ಟು ಬರುವುದು ನನ್ನ ಕೆಲಸ. ನಮ್ಮ ಕಡೆ ಒಂದು ರೂಢಿ ಇದೆ. ಕುಯ್ಲಿನ ಮೊದಲ ವಾರ ಹೆಂಗಸರು ಯಾರ ಗಾಡಿ ಹತ್ತುತ್ತಾರೋ, ಕೊನೇ ಹಣ್ಣಿನವರೆಗೂ ಅವರ ತೋಟದವರೇ. ಪಕ್ಕದ ತೋಟದ ರವಿಚಂದ್ರ ಆಗಷ್ಟೇ ಒಂದು ಪಿಕಪ್ ತಂದು, ಅದರ ಹಿಂಬಾಗಿಲಿಗೆ ಕಬ್ಬಿಣದ ಮೆಟ್ಟಿಲು ಬೇರೆ ಕಟ್ಟಿಸಿದ್ದ. ಗಿಡದಲ್ಲಿ ಹಣ್ಣು ಕೆಂಪಾಗಿತ್ತು. ತಾಯಮ್ಮ ಕೈಬಿಟ್ಟರೆ ಅಷ್ಟೂ ನೆಲದ ಪಾಲು. ಇದೆಲ್ಲ ನನಗೂ ಗೊತ್ತಿತ್ತು.

"ಭಾನುವಾರ ಒಂದೇ ದಿನದ ಕೆಲಸ" ಎಂದೆ. "ಗಿಡ್ಡಯ್ಯಂಗೆ ಹೇಳಿದೀನಿ."

"ಎತ್ತರ ಮಾಡೋಕೆ ಗಿಡ್ಡಯ್ಯನೇ ಬೇಕಿತ್ತಾ?"

ಗಿಡ್ಡಯ್ಯ ಬೆಳಗೋಡಿನಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದವನು. ಜಗತ್ತಿನ ಎಲ್ಲ ವಾಹನಗಳೂ ಅವನ ಕಣ್ಣಿಗೆ ಬೆಳೆಯದೆ ಉಳಿದ ಲಾರಿಗಳು. ಭಾನುವಾರ ಬೆಳಿಗ್ಗೆ ಗುಜರಿಯಿಂದ ಹೊತ್ತು ತಂದ, ಲಾರಿ ಸ್ಪ್ರಿಂಗಿನ ದಪ್ಪ ದಪ್ಪ ಕಮಾನು ಪಟ್ಟಿಗಳನ್ನು ಸ್ಟೋರಿನ ಶೆಡ್ಡಿನಲ್ಲಿ ದಡಾರ್ ಎಂದು ಇಳಿಸಿದ.

"ಇವನ್ನ ಹಳೇ ಪಟ್ಟಿ ಜೊತೀಗೆ ಸೇರ್ಸಿ ಕಟ್ಬುಟ್ರೆ ಆಯ್ತು ಸಾರ್. ನಾಕು ಟನ್ ಹಾಕಿದ್ರೂ ಬಗ್ಗಾದಿಲ್ಲ."

"ನಾಲ್ಕು ಟನ್ ಯಾಕೋ? ಕೂರೋದು ಎಂಟು ಜನ ಹೆಂಗಸರು."

"ತಾಯಮ್ಮನ್ನೂ ಸೇರ್ಸಿ ಎಂಟಾ?"

"ಹೌದು."

"ಹಂಗಾರೆ ಸರಿಯಾಗೈತೆ ಬುಡಿ."

ಜಾಕು ಏರಿಸಿದೆವು. ಸಿಲ್ವರ್ ಓಕ್ ದಿಮ್ಮಿಗಳನ್ನು ಚಾಸಿಗೆ ಒತ್ತು ಕೊಟ್ಟೆವು. ನಾನು ಜೀಪಿನ ಕೆಳಗೆ ಮಲಗಿ, ಅಪ್ಪನ ಕಾಲದಿಂದ ಯಾರೂ ಮುಟ್ಟಿರದ ಬೋಲ್ಟುಗಳ ಜೊತೆ ಕುಸ್ತಿಗೆ ಬಿದ್ದೆ. ಮಣ್ಣು ಕಣ್ಣಿಗೆ, ಗ್ರೀಸು ಮೀಸೆಗೆ, ಬೈಗುಳ ಬೋಲ್ಟಿಗೆ. ಕಮಾನು ನೇತಾಡುವ ಶ್ಯಾಕಲ್‌ಗಳನ್ನು ಗಿಡ್ಡಯ್ಯ ಕತ್ತರಿಸಿ, ನಡುವೆ ತುಂಡು ಸೇರಿಸಿ ಬೆಸೆದು ಉದ್ದ ಮಾಡಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ದಿಮ್ಮಿ ತೆಗೆದೆವು. ಜೀಪು ಎದೆ ಉಬ್ಬಿಸಿಕೊಂಡು ನಿಂತಿತು. ನಾನೂ ಅದರ ಪಕ್ಕ ಹಾಗೇ ನಿಂತೆ.

ಹೊರಗೆ ತರೋಣವೆಂದು ನೋಡಿದರೆ ಜೀಪಿನ ಮೇಲಿನ ಟಾರ್ಪಾಲಿನ ಹುಡ್ಡು ಶೆಡ್ಡಿನ ತೊಲೆಗೆ ತಾಗುತ್ತಿತ್ತು. ಒಳಗೆ ಹೋಗುವಾಗ ಅದು ತಗ್ಗಿನ ಜೀಪು, ಈಗ ಎತ್ತರದ ಜೀಪು. ಭಾರ ಹಾಕಿದರೆ ಇಳಿಯುತ್ತದೆಂದು ಗೊಬ್ಬರದ ಮೂಟೆಗಳನ್ನು ಹೇರಿದೆವು. ಗಿಡ್ಡಯ್ಯನ ಪಟ್ಟಿ ಮಾತು ಉಳಿಸಿಕೊಂಡಿತು, ಬಗ್ಗಲಿಲ್ಲ. ಕೊನೆಗೆ ನಾಲ್ಕೂ ಟಯರಿನ ಗಾಳಿ ಬಿಟ್ಟು, ಕುಂಟಿಸಿಕೊಂಡು ಆಚೆ ತಂದೆವು. ನಾನು ಕಾಲುಪಂಪು ಹಿಡಿದು ಮೂರು ಟಯರಿಗೆ ಗಾಳಿ ತುಂಬಿ ನಾಲ್ಕನೆಯದಕ್ಕೆ ಬಂದಾಗ ಸುಮನಾ ಮಜ್ಜಿಗೆ ತಂದಳು.

"ಹುಡ್ ಬಿಚ್ಚಿದ್ರೆ ಆಗ್ತಿರ್ಲಿಲ್ವಾ?" ಎಂದಳು.

ನಾನು ನಾಲ್ಕನೇ ಟಯರಿಗೆ ಇನ್ನಷ್ಟು ಜೋರಾಗಿ ಪಂಪು ತುಳಿದೆ. ಗಿಡ್ಡಯ್ಯ ಮಜ್ಜಿಗೆ ಕುಡಿದ.

ಇರಲಿ, ನಿಜವಾದ ಪರೀಕ್ಷೆ ಕಲ್ಲಿನದು. ಇಬ್ಬರನ್ನೂ ದಾರಿಯ ಪಕ್ಕ ಸಾಕ್ಷಿಗೆ ನಿಲ್ಲಿಸಿ, ಮೊದಲ ಗೇರಿನಲ್ಲಿ ಮೆರವಣಿಗೆಯ ಗತ್ತಿನಿಂದ ಬಂದೆ. ಮುಂದಿನ ಚಕ್ರ ದಾಟಿತು, ಸದ್ದಿಲ್ಲ. ನಡುಭಾಗ ದಾಟಿತು, ಸದ್ದಿಲ್ಲ. ಗೆದ್ದೆ ಎಂದು ಕೈ ಎತ್ತಿದೆ.

ಟಣ್.

ಅದೇ ಟಣ್. ಶ್ರುತಿ ಕೂಡ ಬದಲಾಗಿರಲಿಲ್ಲ. "ಕಾಫಿಗೆ ನೀರಿಡ್ಲಾ?" ಎಂದು ಸುಮನಾ ಕೇಳಿದಳು.

ನಾನು ಇಳಿದು ಬಗ್ಗಿ ನೋಡಿದೆ. ಕಲ್ಲಿಗೆ ತಾಗಿದ್ದು ಹಿಂದಿನ ಆಕ್ಸಲ್ಲಿನ ನಡುವೆ ನೇತಾಡುವ ಕಬ್ಬಿಣದ ಗುಂಡು. ಅದು ಚಕ್ರದ ಜೊತೆಯದು. ಕಮಾನು ಎಷ್ಟು ಎತ್ತರಿಸಿದರೂ ಮೇಲಿನ ಬಾಡಿ ಏರುತ್ತದೆಯೇ ಹೊರತು ಆಕ್ಸಲ್ಲು ಇದ್ದಲ್ಲೇ ಇರುತ್ತದೆ.

"ಅದು ಏಳ್ಬೇಕು ಅಂದ್ರೆ ದೊಡ್ಡ ಟಯರ್ ಹಾಕ್ಬೇಕು ಸಾರ್" ಎಂದ ಗಿಡ್ಡಯ್ಯ.

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನೋ?"

"ನೀವು ಜೀಪ್ ಎತ್ರ ಮಾಡು ಅಂದ್ರಿ, ಮಾಡ್ದೆ. ಕಲ್ಲಿನ ಇಚಾರ ಎಲ್ಲಿ ಹೇಳಿದ್ರಿ?"

ಹಳೇದನ್ನೇ ಹಾಕಿಬಿಡೋಣ ಎಂದರೆ ಹಳೇ ಶ್ಯಾಕಲ್ಲು ಹೊಸದರೊಳಗೆ ಸೇರಿಹೋಗಿತ್ತು.

ಸೋಮವಾರ ಬೆಳಿಗ್ಗೆ ತಿರುವಿಗೆ ಹೋದೆ. ಬುತ್ತಿ, ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಜೀಪನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

"ಸಾವ್ಕಾರ್ರೆ, ಇದ್ನ ಹೆಂಗ್ ಹತ್ತಾದು?" ಎಂದಳು ತಾಯಮ್ಮ.

"ಯಾವಾಗಲೂ ಹತ್ತೋ ಹಾಗೇ."

ಗಂಗಾಮಣಿ ಎಂಬಾಕೆ ಸೀರೆ ಎತ್ತಿ ಕಟ್ಟಿ ಮೊಣಕಾಲು ಊರಲು ನೋಡಿದಳು. ಇಬ್ಬರು ಹಿಂದಿನಿಂದ ದೂಕಿದರು. ಅರ್ಧ ಹತ್ತಿ, ನಕ್ಕು, ಪೂರ್ತಿ ಜಾರಿದಳು. ನಾನು ಎಳೆದುಕೊಳ್ಳುವ ಹಾಗಿಲ್ಲ, ನೋಡಿಕೊಂಡು ನಿಲ್ಲುವ ಹಾಗೂ ಇಲ್ಲ. ಕಡೆಗೆ ಜೀಪನ್ನು ಮೋರಿಕಟ್ಟೆಗೆ ಒತ್ತಿ ನಿಲ್ಲಿಸಿದೆ. ಕಟ್ಟೆ ಹತ್ತಿ, ಅಲ್ಲಿಂದ ಜೀಪಿಗೆ ದಾಟಿದರು.

ದಾರಿಯುದ್ದಕ್ಕೂ ಆ ಲಾರಿ ಪಟ್ಟಿಗಳು ಒಂದು ಹರಳಿಗೂ ಬಗ್ಗಲಿಲ್ಲ. ಪ್ರತಿ ಗುಂಡಿಗೂ ಹಿಂದಿನಿಂದ ಸಾಮೂಹಿಕವಾಗಿ ಅಯ್ಯಯ್ಯೋ ಕೇಳಿಸುತ್ತಿತ್ತು.

"ಮುಂಚೆ ಜೀಪಿನ ಹೊಟ್ಟೆ ಕಲ್ಲಿಗೆ ತಾಗ್ತಿತ್ತು, ಈಗ ನಮ್ ತಲೆ ಕಂಬಿಗೆ ತಾಗ್ತೈತೆ" ಎಂದಳು ತಾಯಮ್ಮ. ಅಷ್ಟರಲ್ಲಿ ಗೇಟು ಬಂತು. ಟಣ್. "ಓ, ಅದೂ ಐತಾ" ಎಂದಳು.

ತೋಟದಲ್ಲಿ ಇಳಿಯಲು ಮೋರಿಕಟ್ಟೆ ಇರಲಿಲ್ಲ. ಯಾರೂ ಅಲ್ಲಾಡಲಿಲ್ಲ. "ಇಲ್ಲೇ ಕೂತ್ಕಂಡು ಕುಯ್ಯಣ ಬುಡಿ, ಗಿಡದ ತಲೆ ಕೈಗೇ ಸಿಗ್ತೈತೆ" ಎಂದಳು ತಾಯಮ್ಮ. ಗೋಣಿಚೀಲ ಪೇರಿಸಿ ಒಬ್ಬೊಬ್ಬರನ್ನೇ ಇಳಿಸುವಷ್ಟರಲ್ಲಿ ಬಿಸಿಲು ಏರಿತ್ತು.

ಸಂಜೆಗೆಂದು ನಾನು ಅಡುಗೆಮನೆಯ ಸ್ಟೂಲನ್ನು ತಂದಿಟ್ಟೆ. ಇಳಿಜಾರು ನೆಲ. ಗಂಗಾಮಣಿ ಕಾಲಿಟ್ಟದ್ದೇ ಸ್ಟೂಲು ಓಲಾಡಿ ತನ್ನ ಕಾಲು ಮುರಿದುಕೊಂಡಿತು, ಪುಣ್ಯಕ್ಕೆ ಅವಳದ್ದಲ್ಲ. ಎಲ್ಲರೂ ನಕ್ಕರು, ತಾಯಮ್ಮ ನಗಲಿಲ್ಲ. ಬುಟ್ಟಿ ಸೊಂಟಕ್ಕಿಟ್ಟುಕೊಂಡು, "ನಡೀರೇ" ಎಂದು ರಸ್ತೆ ಕಡೆ ನಡೆದೇಬಿಟ್ಟಳು. ನಾನು ಖಾಲಿ ಜೀಪಿನಲ್ಲಿ ಅವರ ಹಿಂದೆ ಹೋದೆ. ರಸ್ತೆಗೆ ಬರುವ ಹೊತ್ತಿಗೆ ರವಿಚಂದ್ರನ ಪಿಕಪ್ಪು ನಿಂತಿತ್ತು. ಒಬ್ಬೊಬ್ಬರಾಗಿ ಆ ಮೆಟ್ಟಿಲು ಹತ್ತುತ್ತಿದ್ದರು. ರವಿಚಂದ್ರ ನನ್ನತ್ತ ಕೈ ಬೀಸಿದ. ಒಂದು ವರ್ಷದ ಫಸಲು ಕಣ್ಣೆದುರೇ ಬೇರೆಯವರ ಗಾಡಿ ಹತ್ತುತ್ತಿತ್ತು.

"ಹೆಂಗಸರನ್ನ ಬಿಟ್ಟು ಇಷ್ಟು ಬೇಗ ಬಂದ್ರಾ?" ಎಂದಳು ಸುಮನಾ.

"ರವಿಚಂದ್ರ ಲಿಫ್ಟ್ ಕೊಟ್ಟ."

"ನೀವು ಲಿಫ್ಟ್ ಹಾಕಿಸಿದ್ರಿ, ಅವರು ಕೊಟ್ರು" ಎಂದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸೀರೆಯ ಸೆರಗು ಸಿಕ್ಕಿಸಿಕೊಂಡು ತೋಟದ ಆಳುಗಳ ಲೈನ್ ಮನೆಯಿಂದ ಮಾದೇವಮ್ಮನನ್ನು ಕರೆದಳು, ಸ್ಟೋರಿನಿಂದ ಹಾರೆ ತೆಗೆದುಕೊಂಡಳು, ದಾರಿಗೆ ನಡೆದಳು.

"ಅದು ಬಂಡೆ ಕಣೇ" ಎಂದು ನಾನು ಹಿಂದೆ ಹೋದೆ. "ಬೆಟ್ಟದ ಬೇರು..."

ಮಾದೇವಮ್ಮ ಸುತ್ತ ಮಣ್ಣು ಬಿಡಿಸಿದಳು. ಸುಮನಾ ಹಾರೆ ಕೊಟ್ಟು ಮೀಟಿದಳು. ಬೆಟ್ಟದ ಬೇರು ಒಂದು ಸಲ ಗೊಣಗಿ, ಮಗ್ಗುಲು ತಿರುಗಿಸಿ, ಆಚೆ ಬಂದು ಬಿತ್ತು. ಕೆಳಗೆ ಪಾತಾಳವಿರಲಿಲ್ಲ, ಒಂದು ಎರೆಹುಳ ಇತ್ತು. ಕಲ್ಲು ನಮ್ಮ ಒರಳಿಗಿಂತ ಚಿಕ್ಕದು. ಮೇಲೂ ಕೆಳಗೂ ಚಪ್ಪಟೆ. ಸುಮನಾ ಅದರ ಮೇಲೆ ಒಂದು ಕಾಲಿಟ್ಟು ನಿಂತು ನೋಡಿದಳು. ಆಮೇಲೆ ಜೀಪಿನ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇದನ್ನ ಎತ್ತಿ ಜೀಪಿಗೆ ಹಾಕಿ."

"ಇನ್ನೊಂದು ಸ್ಟೂಲ್ ಮಾಡಿಸಿದ್ರೆ ಆಗಲ್ವಾ?"

"ಸ್ಟೂಲ್ ಅಲ್ಲಾಡುತ್ತೆ. ಇದು ಅಲ್ಲಾಡಲ್ಲ. ನೀವೇ ಹೇಳಿದ್ರಲ್ಲ, ಪಾತಾಳದ್ದು ಅಂತ."

ಮಂಗಳವಾರ ಬೆಳಿಗ್ಗೆ ಸುಮನಾ ತಾನೇ ಮುಂದಿನ ಸೀಟಿನಲ್ಲಿ ಕೂತು ಬಂದಳು. ತಿರುವಿನಲ್ಲಿ ರವಿಚಂದ್ರನ ಪಿಕಪ್ಪು ಇಂಜಿನ್ ಆರಿಸದೆ ಕಾಯುತ್ತಿತ್ತು. ತಾಯಮ್ಮನ ಒಂದು ಕಾಲು ಅವನ ಮೆಟ್ಟಿಲ ಮೇಲಿತ್ತು.

"ತಾಯಮ್ಮ" ಎಂದಳು ಸುಮನಾ, "ನಮ್ ಜೀಪಿಗೂ ಮೆಟ್ಲು ಬಂದೈತೆ. ಯಜಮಾನ್ರೇ ಇಳ್ಸಿ ಕೊಡ್ತಾರೆ."

"ಯಾರು, ಸಾವ್ಕಾರ್ರಾ?" ತಾಯಮ್ಮ ಮೆಟ್ಟಿಲಿನಿಂದ ಕಾಲು ತೆಗೆಯಲಿಲ್ಲ, ಮೇಲಕ್ಕೂ ಹತ್ತಲಿಲ್ಲ. ನಾನು ಹಿಂಬದಿಗೆ ಹೋಗಿ ಕಲ್ಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಇಳಿಸಿ, ತಾಯಮ್ಮನ ಕಡೆ ನೋಡಿದೆ. ಅವಳು ಬಂದು ಕಲ್ಲಿನ ಮೇಲೆ ಒಂದು ಹೆಜ್ಜೆ, ಜೀಪಿನೊಳಗೆ ಒಂದು ಹೆಜ್ಜೆ ಇಟ್ಟಳು. "ದಾರೀಲಿ ದಿನಾ ಒದೆ ತಿಂತಿದ್ ಕಲ್ಲು ಅಲ್ವಾ ಇದು? ಪಾಪ, ಈಗ ಸವಾರಿ ಮಾಡ್ತೈತೆ" ಎಂದಳು. ಉಳಿದವರೂ ಹತ್ತಿದರು. ಪಿಕಪ್ಪು ಖಾಲಿ ಹೋಯಿತು. ಆ ಹೊತ್ತಿಗೆ ನನ್ನ ಬೆನ್ನು ಎಷ್ಟು ನೋಯುತ್ತಿತ್ತೋ ಮನಸ್ಸು ಅಷ್ಟೇ ಹಗುರಾಗಿತ್ತು. ದಾರಿಯಲ್ಲಿ ಟಣ್ ಎನ್ನಲು ಈಗ ಕಲ್ಲೇ ಇರಲಿಲ್ಲ. ಅಂದರೆ ಜೀಪು ಎತ್ತರ ಇರುವ ಅಗತ್ಯವೂ ಇರಲಿಲ್ಲ.

ಅಂದಿನಿಂದ ತಿರುವಿನಲ್ಲಿ ಕಲ್ಲು ಇಳಿಸುವುದು, ಹೆಂಗಸರು ಹತ್ತಿದ ಮೇಲೆ ಕಲ್ಲು ಹತ್ತಿಸುವುದು. ತೋಟದಲ್ಲಿ ಮತ್ತೆ ಅದೇ, ಸಂಜೆ ಪುನಃ ಅದೇ. ತಿರುವಿನಲ್ಲೇ ಇನ್ನೊಂದು ಕಲ್ಲು ಇಟ್ಟುಬಿಡೋಣ ಎಂದೆ. "ಇಟ್ರೆ ರವಿಚಂದ್ರ ರಾತ್ರೋರಾತ್ರಿ ಎತ್ತಿಸಿಬಿಡ್ತಾರೆ" ಎಂದು ಸುಮನಾ ತಳ್ಳಿಹಾಕಿದಳು. ಕಲ್ಲು ನೆಟ್ಟಗೆ ಕೂತಿದೆಯೋ ಇಲ್ಲವೋ ನೋಡಲು ದಿನಾ ಜೊತೆಗೆ ಬರತೊಡಗಿದಳು.

ಶನಿವಾರ ಬೆಳಿಗ್ಗೆ ತಿರುವಿನಲ್ಲಿ ನಮ್ಮ ಪಕ್ಕ ಒಂದು ಬಣ್ಣದ ಜೀಪು ಬಂದು ನಿಂತಿತು. ಅದೇ ಕೆಂಪು ಟೋಪಿ. ನನ್ನ ಜೀಪನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಅವನ ಕಣ್ಣು ಅರಳಿತು.

"ಅಂಕಲ್, ಸೂಪರ್! ಲಿಫ್ಟ್ ಹಾಕ್ಸೇಬಿಟ್ರಾ? ಎಷ್ಟು ಇಂಚು?"

ಎಂಟೂ ಹೆಂಗಸರು ಹತ್ತಿ ಕೂತಾಗಿತ್ತು. ನಾನು ಕಲ್ಲನ್ನು ಎದೆಗವಚಿಕೊಂಡು, ಮೊಣಕಾಲು ಬಗ್ಗಿಸಿ, ಉಸಿರು ಕಟ್ಟಿ ಎತ್ತುತ್ತಿದ್ದೆ. ಸುಮನಾ ಮುಂದಿನ ಸೀಟಿನಿಂದ ತಲೆ ಆಚೆ ಹಾಕಿ ನನ್ನ ಕಡೆ ಬೆರಳು ತೋರಿಸಿದಳು.

"ಐದಡಿ ನಾಲ್ಕಿಂಚು" ಎಂದಳು. "ಲಿಫ್ಟಿನ ಹೆಸರು ಶಾಂತಮಲ್ಲಪ್ಪ."